ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಮ್ಮ ಓದುಗರ ಬಳಗದಲ್ಲಿ ವರ್ಷದ ಕೊನೆಗೆ ಒಂದು ಲೆಕ್ಕಪತ್ರ ಮಂಡನೆಯಾಗುತ್ತದೆ. ಯಾರು ಎಷ್ಟು ಪುಸ್ತಕ ಓದಿ ಮುಗಿಸಿದರು ಎಂಬ ಲೆಕ್ಕ. ಐವತ್ತೆರಡು ಮುಗಿಸಿದವರು ಕಾಲ ಮೇಲೆ ಕಾಲು ಹಾಕಿ ಕೂರುತ್ತಾರೆ. ಹನ್ನೆರಡು ಮುಗಿಸಿದವರು ಕಂಬದ ಮರೆಗೆ ಸರಿಯುತ್ತಾರೆ. ಎರಡು ಮುಗಿಸಿದವರಿಗೆ ಸರಿಯಾಗಿ ಅವತ್ತೇ ತಲೆನೋವು ಬಂದಿರುತ್ತದೆ. ಯಾವ ಪುಸ್ತಕ ನಿದ್ದೆ ಕೆಡಿಸಿತು, ಯಾವುದು ನಿದ್ದೆ ಬರಿಸಿತು ಎಂದು ಯಾರೂ ಯಾರನ್ನೂ ವಿಚಾರಿಸುವುದಿಲ್ಲ. ಮಾತಿಗಿಳಿದರೆ ಎಣಿಕೆ ತಪ್ಪುತ್ತದೆ.

ಕಳೆದ ಬಾರಿ ಈ ಸಭೆಯಲ್ಲಿ ಒಂದು ಅಪಚಾರ ನಡೆದುಹೋಯಿತು. ಬಳಗಕ್ಕೆ ಹೊಸದಾಗಿ ಸೇರಿದ ಹುಡುಗಿ ಎದ್ದು ನಿಂತು "ಮೂವತ್ತೊಂದು" ಎಂದಳು. ಚಪ್ಪಾಳೆ ಬಿತ್ತು. ಅಷ್ಟಕ್ಕೇ ಕೂತಿದ್ದರೆ ಚೆನ್ನಾಗಿತ್ತು. "ಅದ್ರಲ್ಲಿ ಹದಿನೆಂಟು ಆಡಿಯೊಬುಕ್ಕು" ಎಂದು ಸೇರಿಸಿದಳು. ತಟ್ಟುತ್ತಿದ್ದ ಕೈಗಳು ಗಾಳಿಯಲ್ಲೇ ನಿಂತವು. ಮುಂದಿನ ಸಾಲಿನ ಹಿರಿಯರೊಬ್ಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಏರಿಸಿಕೊಂಡು, "ಏನಮ್ಮಾ, ಕೇಳಿದ್ದೆಲ್ಲ ಓದಿದ ಹಾಗಾಗುತ್ತಾ?" ಎಂದರು.

ಆ ಹಿರಿಯ ನಾನೇ.

ಆಮೇಲೆ ಮುಕ್ಕಾಲು ಗಂಟೆ ವಿಚಾರಣೆ. ಒಬ್ಬರು ಅರ್ಧ ಅಂಕ ಕೊಡೋಣ ಎಂದರು. ಪುಸ್ತಕವನ್ನು ಕೈಯಲ್ಲಿ ಹಿಡಿದು ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೇಳಿದ್ದರೆ ಮುಕ್ಕಾಲು ಕೊಡಬಹುದು ಎಂದರು ಇನ್ನೊಬ್ಬರು. ಕಥೆ ಕಾದಂಬರಿಗಾದರೆ ಕಿವಿ ಸಾಕು, ವಿಚಾರ ಸಾಹಿತ್ಯಕ್ಕೆ ಕಣ್ಣೇ ಬೇಕು ಎಂಬ ತಿದ್ದುಪಡಿ ಬಂತು. ಕೂತು ಕೇಳಿದ್ದೋ ಓಡಾಡುತ್ತ ಕೇಳಿದ್ದೋ ಎಂಬ ಅಡ್ಡಪ್ರಶ್ನೆ ಎದ್ದಿತು. "ಪಾತ್ರೆ ತೊಳೀತಾ ಕೇಳಿದೆ" ಎಂದು ಆಕೆ ಒಪ್ಪಿಕೊಂಡಾಗ ಹಿಂದಿನ ಸಾಲಿನಿಂದ ಒಂದು ನಿಟ್ಟುಸಿರು ಕೇಳಿತು. ಕಾಗದದ ಘಮದ ಬಗ್ಗೆ ಒಬ್ಬರು ಕಣ್ಣೊದ್ದೆ ಮಾಡಿಕೊಂಡು ಐದು ನಿಮಿಷ ಮಾತಾಡಿದರು. ಹಾಗಾದರೆ ಮೂಗಿಗೆಷ್ಟು ಅಂಕ ಎಂದು ಕೇಳುವಷ್ಟು ಬುದ್ಧಿ ಅಲ್ಲಿ ಯಾರಿಗೂ ಇರಲಿಲ್ಲ. ಕೊನೆಗೆ ತೀರ್ಪು ಬರೆದವನೂ ನಾನೇ: ಆಡಿಯೊಬುಕ್ಕು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಮೂವತ್ತೊಂದು ಹದಿಮೂರಾಯಿತು.

ಆ ತೀರ್ಪಿನ ಶಾಯಿ ಆರುವ ಮುಂಚೆಯೇ ನನ್ನ ಕಣ್ಣು ಆರಿತು. ಕಣ್ಣಿನ ಡಾಕ್ಟರು ಅದಕ್ಕೆ ಒಣಗುವಿಕೆ ಎಂದು ಹೆಸರಿಟ್ಟರು. ಓದುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಕಣ್ಣಿನ ಪಸೆ ಆರುತ್ತದೆ, ನಲವತ್ತು ವರ್ಷ ಹೀಗೆ ಬಿಟ್ಟ ಕಣ್ಣು ಬಿಡದೆ ಓದಿದರೆ ಹೀಗೇ ಆಗುವುದು ಎಂದರು. ಬಿಟ್ಟ ಕಣ್ಣು ಬಿಡದೆ ಓದುವುದನ್ನು ನಾನು ಅಲ್ಲಿಯವರೆಗೆ ಹೊಗಳಿಕೆ ಎಂದುಕೊಂಡಿದ್ದೆ. ಕೆಲವು ವಾರ ಅಕ್ಷರ ಮುಟ್ಟಬೇಡಿ ಎಂದು ಹನಿ ಬರೆದುಕೊಟ್ಟರು.

ಎರಡು ದಿನ ಗೋಡೆ ನೋಡಿದೆ. ಮೂರನೆಯ ದಿನ ಮಗಳು ನನ್ನ ಫೋನಿಗೆ ಏನನ್ನೋ ಹಾಕಿ, ಇಯರ್‌ಫೋನ್ ತಂದು ಕೈಗಿಟ್ಟಳು.

"ಅಪ್ಪಾ, ಇದು ಓದಲ್ಲ ಬಿಡಿ. ಸುಮ್ನೆ ಕೇಳಿ. ಯಾರಿಗೂ ಹೇಳಲ್ಲ."

ಕದ್ದು ಮಾಡುವ ಕೆಲಸಕ್ಕೆ ಹೊಸ ಪುಸ್ತಕ ಯಾಕೆ ಎಂದು ಮೂರು ಸಲ ಓದಿದ್ದ, ಸಭೆ ಸಮಾರಂಭಗಳಲ್ಲಿ ಮೂವತ್ತು ಸಲ ಹೊಗಳಿದ್ದ ಒಂದು ದಪ್ಪ ಕಾದಂಬರಿಯನ್ನೇ ಆರಿಸಿಕೊಂಡೆ. ಹತ್ತೊಂಬತ್ತು ಗಂಟೆ ಎಂದು ತೋರಿಸಿತು. ನಗು ಬಂತು. ಇಂಗ್ಲಿಷ್ ಓದುಗರ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2019ರಲ್ಲಿ ಒಬ್ಬ ಸಂಶೋಧಕರು ತೆಗೆದ ಸರಾಸರಿಯಂತೆ, ಮೌನವಾಗಿ ಕಥೆ ಓದುವವರು ನಿಮಿಷಕ್ಕೆ ಸುಮಾರು 260 ಪದ ದಾಟುತ್ತಾರೆ. ಗಟ್ಟಿಯಾಗಿ ಓದಿ ಧ್ವನಿಮುದ್ರಿಸುವವರದು ಸುಮಾರು 150ರ ನಡಿಗೆ. ನನ್ನ ಕಣ್ಣಂತೂ ಈ ಎರಡನ್ನೂ ಹಿಂದೆ ಹಾಕುವ ಜಾತಿಯದು ಎಂದು ನನಗೆ ಗುಮಾನಿ ಇರಲಿಲ್ಲ, ಗ್ಯಾರಂಟಿಯೇ ಇತ್ತು.

ಮೊದಲ ಗಂಟೆ ಹಿಂಸೆ. ಓದುತ್ತಿದ್ದಾಕೆ ಒಂದು ಪದವನ್ನೂ ಬಿಡುತ್ತಿರಲಿಲ್ಲ. ಪಾತ್ರವೊಂದು ಕಿಟಕಿಯ ಬಳಿ ಹೋಯಿತು, ಹೊರಗೆ ಮಳೆ ಶುರುವಾಯಿತು, ಹಾಗೆ ಶುರುವಾದ ಮಳೆ ಹನ್ನೊಂದು ನಿಮಿಷ ಹೊಯ್ಯಿತು. ಮೂರು ಓದಿನಲ್ಲೂ ನಾನು ಆ ಮಳೆಯನ್ನು "ಮಳೆ ಬಂತು" ಎಂದು ತಿಳಿದುಕೊಂಡು ಎರಡು ಸೆಕೆಂಡಿನಲ್ಲಿ ಆಚೆ ದಡ ಸೇರಿದ್ದೆ. ಒಮ್ಮೆಯೂ ತಲೆ ಒದ್ದೆಯಾಗಿರಲಿಲ್ಲ. ಕಣ್ಣಿಗೆ ಹಾರುವ ಕಾಲಿದೆ. ಕಿವಿ ಪಾಪ, ಕಟ್ಟಿಹಾಕಿದ ಕಡೆ ನಿಂತು ನೆನೆಯುತ್ತದೆ.

ಅದು ಹಾಳಾಗಲಿ. ನಾಲ್ಕನೆಯ ಗಂಟೆಯಲ್ಲಿ ನಾಯಕನ ಸೋದರತ್ತೆ ಬಂದಳು.

ನಾಯಕನಿಗೆ ಸೋದರತ್ತೆ ಇದ್ದಳೆ? ನಾನು ಪಾಸ್ ಒತ್ತಿ ಎದ್ದು ಕೂತೆ. ಬೇರೆ ಯಾವುದೋ ಪುಸ್ತಕದ ಅಧ್ಯಾಯ ಸೇರಿಕೊಂಡಿರಬೇಕು, ಈ ಯಂತ್ರಗಳನ್ನು ನಂಬಿದರೆ ಹೀಗೇ ಆಗುವುದು ಎಂದುಕೊಂಡು ಡಾಕ್ಟರ ಮಾತು ಮೀರಿ, ಕನ್ನಡಕ ಏರಿಸಿ, ಕಪಾಟಿನಿಂದ ನನ್ನ ಪ್ರತಿ ತೆಗೆದೆ. ಇದ್ದಳು ಮಹಾತಾಯಿ. ಒಂದೂವರೆ ಪುಟ ಮಾತಾಡಿದ್ದಳು. ಮುಂದೆ ನಾಯಕ ಮನೆ ಬಿಟ್ಟು ಹೋಗುವುದಕ್ಕೆ ಅವಳ ಒಂದು ಮಾತೇ ಕಾರಣ. ಅವಳ ಮಾತು ಮುಗಿದ ಕೂಡಲೇ ಲೇಖಕರು ಹೇಳುವ ಒಂದು ತತ್ತ್ವದ ಸಾಲಿನ ಕೆಳಗೆ ನನ್ನದೇ ಪೆನ್ಸಿಲ್ ಗೆರೆ, ಅಂಚಿನಲ್ಲಿ ನನ್ನದೇ ಅಕ್ಷರದಲ್ಲಿ "ಅದ್ಭುತ!" ಇದೇ ಕಾದಂಬರಿಯಲ್ಲಿ ನಾಯಕ ಮನೆ ಬಿಡುವುದಕ್ಕೆ ಕಾರಣವೇ ಇಲ್ಲ, ಅದೇ ಈ ಕೃತಿಯ ಆಧುನಿಕತೆ ಎಂದು ನಾನು ಒಂದು ಸಭೆಯಲ್ಲಿ ಇಪ್ಪತ್ತು ನಿಮಿಷ ಮಾತಾಡಿದ್ದೇನೆ. ಆಗಲೂ ಚಪ್ಪಾಳೆ ಬಿದ್ದಿತ್ತು.

ಇಷ್ಟಾದ ಮೇಲೆ ಕಿವಿಯನ್ನು ದೇವರು ಮಾಡಿ ಕೂರಿಸಿದೆ ಎಂದುಕೊಳ್ಳಬೇಡಿ. ಅದರ ಕಳ್ಳತನವೂ ಸಿಕ್ಕಿಬಿತ್ತು. ನಿದ್ದೆ ಬಂದರೆ ಪುಸ್ತಕ ಎದೆಯ ಮೇಲೆ ಬಿದ್ದು ಅಲ್ಲೇ ಕಾಯುತ್ತದೆ. ಆಡಿಯೊ ಕಾಯುವುದಿಲ್ಲ. ಒಂದು ರಾತ್ರಿ ನಾನು ಮಲಗುವಾಗ ಗಟ್ಟಿಮುಟ್ಟಾಗಿದ್ದ ಯಜಮಾನರು ಎಚ್ಚರವಾಗುವಷ್ಟರಲ್ಲಿ ತೀರಿಕೊಂಡು, ಅವರ ಆಸ್ತಿ ಹಂಚಿಕೆ ನಡೆಯುತ್ತಿತ್ತು. ಮೂವತ್ತು ಸೆಕೆಂಡು ಹಿಂದೆ ಹೋಗುವ ಗುಂಡಿಯನ್ನು ಕತ್ತಲಲ್ಲಿ ಒತ್ತಿ ಒತ್ತಿ ಅವರಿಗೆ ಮರುಜೀವ ಕೊಡಬೇಕಾಯಿತು. ಕಣ್ಣಿಗೆ ಈ ಗುಂಡಿಯ ಹಂಗಿಲ್ಲ. ಪಳಗಿದ ಓದುಗರ ಕಣ್ಣೂ ನೂರು ಸಲ ಜಿಗಿದರೆ ಹತ್ತು ಹದಿನೈದು ಸಲ ಹಿಂದಕ್ಕೇ ಜಿಗಿಯುತ್ತದೆ, ನಮಗೆ ಗೊತ್ತೂ ಆಗದಂತೆ.

ಎರಡರಲ್ಲಿ ಯಾವುದು ಮೇಲು ಎಂದು ಸಂಶೋಧನೆಗಳನ್ನು ಕೆದಕಿದೆ. ಕೆದಕಿದ್ದು ಸತ್ಯಕ್ಕಾಗಿ ಅಲ್ಲ, ನನ್ನ ತೀರ್ಪನ್ನು ಉಳಿಸಿಕೊಳ್ಳಲು ಎಂದು ಈಗ ಹೇಳಿಬಿಡಬಹುದು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಿಕ್ಕಿತು: ಒಂದೇ ಲೇಖನವನ್ನು ಓದಿದ ವಿದ್ಯಾರ್ಥಿಗಳಿಗಿಂತ ಪಾಡ್‌ಕಾಸ್ಟ್‌ನಲ್ಲಿ ಕೇಳಿದವರು ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಕುಣಿದಾಡಿದೆ. ಮಗಳು 2016ರದ್ದೊಂದು ತಂದಳು: ಒಂದು ಮಾಹಿತಿ ಪುಸ್ತಕದ ಭಾಗವನ್ನು ಓದಿದವರು, ಕೇಳಿದವರು, ಎರಡನ್ನೂ ಒಟ್ಟಿಗೆ ಮಾಡಿದವರು ಎಲ್ಲರ ಗ್ರಹಿಕೆಯೂ ಹೆಚ್ಚುಕಡಿಮೆ ಒಂದೇ, ಎರಡು ವಾರದ ನಂತರವೂ ಅಷ್ಟೇ. ಕೇಳುವಾಗ ಮನಸ್ಸು ಹೆಚ್ಚು ಅಲೆಯುತ್ತದೆ ಎಂಬ 2013ರ ಅಧ್ಯಯನವನ್ನು ನಾನು ಬೀಸಿದೆ. ಒಂದೇ ಕಥೆಯನ್ನು ಕಣ್ಣಿಗೂ ಕಿವಿಗೂ ಕೊಟ್ಟು ಮಿದುಳಿನ ಚಿತ್ರ ತೆಗೆದಾಗ ಪದಗಳ ಅರ್ಥ ಎರಡು ಸಲವೂ ಹೆಚ್ಚುಕಡಿಮೆ ಒಂದೇ ರೀತಿ ಮೂಡಿತ್ತು ಎಂಬ 2019ರದ್ದನ್ನು ಅವಳು ತಿರುಗಿಸಿ ಬೀಸಿದಳು. ಅದೇ 2013ರ ಅಧ್ಯಯನವನ್ನು ಪೂರ್ತಿ ಓದಿದ್ದೂ ಅವಳೇ. ಮನಸ್ಸು ಎಲ್ಲಕ್ಕಿಂತ ಕಡಿಮೆ ಅಲೆಯುವುದು ಗಟ್ಟಿಯಾಗಿ ಓದುವಾಗ ಎಂದು ಅದರಲ್ಲೇ ಇತ್ತಂತೆ. ಆ ಸಾಲನ್ನು ನಾನು ಹಾರಿಸಿದ್ದೆ.

ಗಟ್ಟಿಯಾಗಿ ಓದುವುದು ಎಂದಾಗ ನೆನಪಾಯಿತು. ಇಂಥ ವಿಚಾರಣೆ ನಮ್ಮ ಬಳಗದ ಹೊಸ ಆವಿಷ್ಕಾರವೇನಲ್ಲ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಅಗಸ್ಟೀನ್ ಮಿಲಾನಿನ ಬಿಷಪ್ ಅಂಬ್ರೋಸರನ್ನು ನೋಡಲು ಹೋದಾಗ, ಅವರು ತುಟಿ ಅಲ್ಲಾಡಿಸದೆ, ದನಿ ಹೊರಡಿಸದೆ ಬರೀ ಕಣ್ಣಿನಲ್ಲಿ ಓದುತ್ತಿದ್ದುದನ್ನು ಕಂಡರು. ಅದು ಬರೆದಿಡಬೇಕಾದ ಸಂಗತಿ ಎನಿಸಿತು ಅವರಿಗೆ. ಗಂಟಲು ಉಳಿಸಿಕೊಳ್ಳಲೋ, ಪಕ್ಕದಲ್ಲಿ ಕೇಳಿಸಿಕೊಳ್ಳುವವರ ಪ್ರಶ್ನೆ ತಪ್ಪಿಸಿಕೊಳ್ಳಲೋ ಹೀಗೆ ಮಾಡುತ್ತಿರಬೇಕು ಎಂದು ಕಾರಣವನ್ನೂ ಹುಡುಕಿಕೊಟ್ಟರು. ಮೌನದ ಓದು ಆ ಕಾಲದಲ್ಲಿ ಎಷ್ಟು ಅಪರೂಪವಾಗಿತ್ತು ಎಂಬ ಬಗ್ಗೆ ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ, ಆಡಲಿ. ನನಗೆ ಬೇಕಾದದ್ದು ಇಷ್ಟು: ನಮ್ಮ ಬಳಗ ಆಗ ಇದ್ದಿದ್ದರೆ ಬಿಷಪ್ಪರಿಗೂ ಅರ್ಧ ಅಂಕವೇ ಗತಿ.

ಅಷ್ಟು ದೂರ ಯಾಕೆ ಹೋಗಬೇಕು. ಬಹಳ ಓದಿಕೊಂಡವರನ್ನು ನಾವು ಬಹುಶ್ರುತರು ಎನ್ನುತ್ತೇವೆ. ಶ್ರುತ ಎಂದರೆ ಕೇಳಿದ್ದು. ಬಳಗದವರು ನನ್ನನ್ನು ಸನ್ಮಾನಿಸಿ ಕೊಟ್ಟ ಬಿನ್ನವತ್ತಳೆ ಗೋಡೆಯ ಮೇಲೆ ನೇತಾಡುತ್ತಿದೆ. ಅದರ ಮೂರನೆಯ ಸಾಲಿನಲ್ಲಿ "ಬಹುಶ್ರುತರಾದ ತಾವು" ಎಂದಿದೆ. ಕನ್ನಡಿ ಗಾಜಿನ ಹಿಂದೆ ಇಷ್ಟು ವರ್ಷ ಇದ್ದ ಆ ಪದವನ್ನೂ ನಾನು ಬರೀ ನೋಡಿದ್ದೆ.

ಎಡಿಸನ್ 1877ರಲ್ಲಿ ದನಿ ಹಿಡಿದಿಟ್ಟು ಮತ್ತೆ ನುಡಿಸುವ ಫೋನೋಗ್ರಾಫ್ ಮಾಡಿದ. ಮರುವರ್ಷವೇ ಅದರಿಂದ ಏನೇನು ಉಪಯೋಗ ಎಂದು ಪಟ್ಟಿ ಬರೆದ. ಅದರಲ್ಲಿ ಎರಡನೆಯದೇ ಅಂಧರಿಗಾಗಿ ಮಾತಾಡುವ ಪುಸ್ತಕ. ಹತ್ತು ಅಂಗುಲದ ಚೌಕ ಲೋಹದ ತಗಡಿನ ಮೇಲೆ ನಲವತ್ತು ಸಾವಿರ ಪದ ಹಿಡಿಸಬಹುದು ಎಂದು ಕನಸು ಕಂಡ. ಕನಸು ನನಸಾಗಲು ಅರ್ಧ ಶತಮಾನ ಹಿಡಿಯಿತು. 1930ರ ದಶಕದ ನಡುವೆ ಅಮೆರಿಕ ಮತ್ತು ಬ್ರಿಟನ್ನಿನ ದೃಷ್ಟಿಹೀನರಿಗೆ ಪುಸ್ತಕಗಳು ಗ್ರಾಮಫೋನ್ ತಟ್ಟೆಗಳಲ್ಲಿ ತಲುಪತೊಡಗಿದವು. ಒಂದು ಮಗ್ಗುಲಿಗೆ ಅಮೆರಿಕದ್ದಾದರೆ ಕಾಲು ಗಂಟೆ, ಬ್ರಿಟನ್ನಿನದಾದರೆ ಇಪ್ಪತ್ತೈದು ನಿಮಿಷದಷ್ಟೇ ಓದು. ಒಂದು ಕಾದಂಬರಿಗೆ ತಟ್ಟೆಗಳ ದೊಡ್ಡ ಕಟ್ಟೇ ಬೇಕು. ಆ ಕಟ್ಟನ್ನು ಅಂಚೆಯಲ್ಲಿ ತರಿಸಿ, ಮತ್ತೆ ಮತ್ತೆ ಎದ್ದು ಮಗ್ಗುಲು ತಿರುವಿ ಹಾಕಿ, ಕಾದಂಬರಿ ಮುಗಿಸಿದವರಿಗೆ "ಇದು ಓದಲ್ಲ" ಎಂದು ಹೇಳುವ ಗುಂಡಿಗೆ ಯಾರಿಗಿತ್ತು? ಅವರಿಗೆ ವಿನಾಯಿತಿ ಕೊಡೋಣ ಎಂದು ನಮ್ಮ ಸಭೆಯಲ್ಲೂ ಯಾರೋ ಉದಾರವಾಗಿ ಹೇಳಿದ್ದರು. ವಿನಾಯಿತಿ! ಓದಿಗೆ ನಾವೇ ಬಾಗಿಲ ಕಾವಲು, ರಿಯಾಯಿತಿ ಚೀಟಿಯೂ ನಮ್ಮ ಜೇಬಿನಲ್ಲೇ.

ಕಿವಿಯ ಪಂಗಡದವರೇನು ಸಾಚಾ ಅಲ್ಲ. ಅವರಲ್ಲೂ ಲೆಕ್ಕದ ಹುಚ್ಚಿನವರು ಇದ್ದಾರೆ. ನನಗೆ ಪರಿಚಯದ ಒಬ್ಬ ಹುಡುಗ ಎಲ್ಲವನ್ನೂ ಮೂರು ಪಟ್ಟು ವೇಗದಲ್ಲಿ ಕೇಳುತ್ತಾನೆ. ಹಳೆಯ ಟೇಪು ಜೋರಾಗಿ ಓಡಿಸಿದರೆ ದನಿ ಕೀರಲಾಗಿ, ಆಗುತ್ತಿರುವ ಅನ್ಯಾಯ ಕಿವಿಗಾದರೂ ಗೊತ್ತಾಗುತ್ತಿತ್ತು. ಈಗಿನ ತಂತ್ರಾಂಶ ಸ್ವರ ಏರಿಸದೆ ಸಮಯವನ್ನಷ್ಟೇ ಹಿಂಡುತ್ತದೆ. ಹಾಗಾಗಿ ಸಾಯುತ್ತಿರುವ ಅಜ್ಜ ಗಂಭೀರವಾದ ದನಿಯಲ್ಲೇ, ಆದರೆ ಬಸ್ಸು ತಪ್ಪುವವನ ಅವಸರದಲ್ಲಿ ಕೊನೆಯ ಮಾತು ಹೇಳಿ ಮುಗಿಸುತ್ತಾನೆ. ನಾಯಕಿಗೆ ಬಿಕ್ಕುವುದಕ್ಕೂ ಪುರುಸೊತ್ತಿಲ್ಲ. "ವಾರಕ್ಕೆ ಮೂರು ಮುಗಿಸ್ತೀನಿ ಸಾರ್" ಎಂದ. ಮುಗಿಸುತ್ತಾನೆ ಎಂಬುದರಲ್ಲಿ ನನಗೂ ಸಂಶಯವಿಲ್ಲ.

ನನಗೆ ಓದಿದಾಕೆ ಇದ್ದಳಲ್ಲ, ಅವಳ ಹೆಸರು ಕೊನೆಯ ನಿಮಿಷದಲ್ಲಿ ಬಂದು ಹೋಯಿತು, ನಾನು ಹಿಡಿದುಕೊಳ್ಳಲಿಲ್ಲ. ನಾಯಕ ಬಾಗಿಲಲ್ಲಿ ನಿಂತು "ಹೋಗ್ತೀನಿ" ಎನ್ನುತ್ತಾನೆ. ಅತ್ತೆ "ಹೂಂ" ಎನ್ನುತ್ತಾಳೆ. ಪುಟದ ಮೇಲೆ ಅದು ಒಂದೂವರೆ ಅಕ್ಷರ. ಓದುವಾಕೆ ಆ "ಹೂಂ"ಗೆ ಮೊದಲು ಒಂದು ಉಸಿರು ತೆಗೆದುಕೊಂಡಳು. ಏನೋ ಹೇಳಲು ಹೊರಟು ಬೇಡವೆಂದು ನುಂಗಿದವರ ಉಸಿರು. ನನ್ನ ಕೈಯಲ್ಲಿದ್ದ, ಅರ್ಧ ಮಡಿಸಿದ ಬಟ್ಟೆ ಹಾಗೇ ಉಳಿಯಿತು. ಹೌದು, ಅಷ್ಟು ಹೊತ್ತಿಗೆ ನಾನೂ ಕೆಲಸ ಮಾಡುತ್ತ ಕೇಳುವವರ ಸಾಲಿಗೆ ಸೇರಿದ್ದೆ.

ಈ ವರ್ಷದ ಲೆಕ್ಕಪತ್ರ ಮಂಡನೆ ಮೊನ್ನೆ ನಡೆಯಿತು. ಈ ಸಲ ಹೆಸರಿನ ಮುಂದೆ "ಓದಿದ್ದು", "ಕೇಳಿದ್ದು" ಎಂದು ಎರಡು ಕಾಲಂ ಹಾಕಿಸಿದ್ದರು. ನನ್ನ ತೀರ್ಪಿನ ಗೌರವಾರ್ಥ. ನಾನು ಎದ್ದು, ಮೂರನೆಯದೊಂದು ಕಾಲಂ ಇರಲಿ ಎಂದೆ.

"ಯಾವುದಕ್ಕೆ ಸಾರ್?"

"ಹಾರಿಸಿದ ಪುಟಗಳಿಗೆ."

ಸಭೆಯಲ್ಲಿ ಫ್ಯಾನು ತಿರುಗುವ ಸದ್ದು ಅವತ್ತೇ ನನಗೆ ಮೊದಲ ಬಾರಿ ಕೇಳಿಸಿದ್ದು. ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು, ಕಾಲದ ಅಭಾವದಿಂದ ಈ ಬಾರಿ ಲೆಕ್ಕ ಬೇಡ, ಎಲ್ಲರೂ ತಮಗೆ ಇಷ್ಟವಾದ ಒಂದು ಪುಸ್ತಕದ ಬಗ್ಗೆ ಮಾತಾಡಲಿ ಎಂದರು. ಸರದಿ ನನ್ನಿಂದಲೇ ಶುರುವಾಯಿತು. ನಾನು ಆ ಕಾದಂಬರಿಯ ಸೋದರತ್ತೆಯ ಬಗ್ಗೆ ಹೇಳತೊಡಗಿದೆ. ಎರಡು ಮಾತಾಡಿರಲಿಲ್ಲ, ಐವತ್ತೆರಡು ಪುಸ್ತಕದವರು ಕಾಲ ಮೇಲಿನ ಕಾಲು ಇಳಿಸಿ ಮುಂದಕ್ಕೆ ಬಾಗಿದರು.

"ಆ ಕಾದಂಬರಿ ನನಗೆ ಬಾಯಿಪಾಠ ಕಣ್ರೀ. ಅದ್ರಲ್ಲಿ ಅತ್ತೆ ಎಲ್ಲಿ ಬರ್ತಾಳೆ?"

ನಾನು ಪುಟದ ನಂಬರು ನೆನಪಿಸಿಕೊಳ್ಳುತ್ತಿದ್ದೆ. ಹಿಂದಿನ ಸಾಲಿನಿಂದ ಹದಿಮೂರಕ್ಕಿಳಿದಿದ್ದ ಹುಡುಗಿ ಕೈಯೆತ್ತಿದಳು.

"ನಾಲ್ಕನೇ ಗಂಟೇಲಿ, ಸಾರ್."