ರೋಬೋ ಬಂದ ಮಾರನೆಯ ದಿನ

ಕಳೆದ ದಸರಾದಲ್ಲಿ ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದಿಂದ ನನ್ನ ಸೋದರತ್ತೆಯ ಮಗ ಒಂದು ಫೋಟೋ ಕಳಿಸಿದ್ದ. ಅವನ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ರೋಬೋ ಕೈಗೆ ಆಯುಧಪೂಜೆ ನಡೆದಿತ್ತು. ಮೊಣಕೈಯಂಥ ಕೀಲಿನ ಮೇಲೆ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಭುಜಕ್ಕೆ ಚೆಂಡುಹೂವಿನ ಹಾರ, ಬುಡದಲ್ಲಿ ಒಡೆದ ಬೂದುಗುಂಬಳ. ಕ್ಯಾಮೆರಾದ ಗಾಜಿಗೆ ಅರ್ಚಕರು ಬೊಟ್ಟಿಡದಂತೆ ಮೇಲ್ವಿಚಾರಕ ಅಂಗೈ ಅಡ್ಡ ಹಿಡಿದು ನಿಂತಿದ್ದಾನೆ. ಅವನ ಮುಖದಲ್ಲಿ ಭಕ್ತಿಯೂ ಇದೆ, ದಿಗಿಲೂ ಇದೆ.

ನಾನಿರುವುದು ಡೆನ್ಮಾರ್ಕಿನ ಒಡೆನ್ಸೆಯಲ್ಲಿ. ಕಚೇರಿಯಲ್ಲಿ ಆ ಫೋಟೋ ತೋರಿಸಿದಾಗ ಎರಡು ಪ್ರಶ್ನೆಗಳು ಬಂದವು. ಈ ಯಂತ್ರಕ್ಕೆ ಜೀವವಿದೆ ಎಂದು ಅಲ್ಲಿಯವರು ನಂಬುತ್ತಾರೆಯೇ? ಸುತ್ತ ನಿಂತಿರುವ ಕೆಲಸಗಾರರಿಗೆ ಇದನ್ನು ಕಂಡರೆ ಭಯವಿಲ್ಲವೇ?

ಮೊದಲನೆಯದಕ್ಕೆ ಉತ್ತರ ಸುಲಭ. ಅದೇ ದಿನ ಮಂಡ್ಯದ ನಮ್ಮ ಮನೆಯಲ್ಲಿ ಈಳಿಗೆಮಣೆಗೂ ಕುಡುಗೋಲಿಗೂ ಅಣ್ಣನ ಸ್ಕೂಟರಿಗೂ ಕುಂಕುಮ ಬಿದ್ದಿರುತ್ತದೆ. ಅನ್ನ ಕೊಡುವ ವಸ್ತುವಿಗೆ ವರ್ಷಕ್ಕೊಮ್ಮೆ ಕೈಮುಗಿಯುತ್ತೇವೆ, ಅಷ್ಟೆ. ಜಪಾನಿನಲ್ಲಿ ದುರಸ್ತಿಯಾಗದೆ ನಿಂತುಹೋದ ಐಬೊ ಎಂಬ ರೋಬೋ ನಾಯಿಗಳಿಗೆ 2015ರಿಂದ ಬೌದ್ಧ ದೇವಾಲಯವೊಂದರಲ್ಲಿ ಉತ್ತರಕ್ರಿಯೆ ನಡೆಸಿದ್ದಾರೆ. ಅದನ್ನೂ ನಮ್ಮ ಆಯುಧಪೂಜೆಯನ್ನೂ ಒಂದೇ ಕಟ್ಟಿಗೆ ಕಟ್ಟಿ, ಪೂರ್ವದೇಶದವರು ಜಡದಲ್ಲೂ ಚೈತನ್ಯ ಕಾಣುವವರು, ಹಾಗಾಗಿ ಅವರಿಗೆ ರೋಬೋ ಎಂದರೆ ಪ್ರೀತಿ ಎಂದು ಬರೆಯುವವರಿದ್ದಾರೆ. ಸುಟ್ಟುಹೋದ ಪಂಪ್‌ಸೆಟ್ಟಿಗೆ ಮಂಡ್ಯದ ರೈತ ಕಣ್ಣೀರು ಹಾಕಿದ್ದನ್ನು ನಾನಂತೂ ನೋಡಿಲ್ಲ. ಮೋಟಾರು ಕಟ್ಟಿದವನನ್ನು ಬೈದು ಗುಜರಿಗೆ ಹಾಕುತ್ತಾನೆ.

ಎರಡನೆಯ ಪ್ರಶ್ನೆ ಅಷ್ಟು ಸುಲಭವಲ್ಲ. ಅದಕ್ಕೆ ಮೊದಲು ಈ ಊರಿನ ಬಗ್ಗೆ ಹೇಳಬೇಕು.

ಒಡೆನ್ಸೆ ಮಂಡ್ಯಕ್ಕಿಂತ ತುಸು ದೊಡ್ಡ ಪಟ್ಟಣ. ಆದರೆ ರೋಬೋ ಉದ್ಯಮದಲ್ಲಿ ಇದರ ಹೆಸರು ಜಗತ್ತಿಗೇ ಗೊತ್ತು. ಬೇಲಿಯಿಲ್ಲದೆ ಮನುಷ್ಯರ ಪಕ್ಕದಲ್ಲೇ ನಿಂತು ಕೆಲಸ ಮಾಡುವ, ಮೈ ತಗುಲಿದರೆ ತಾನಾಗಿ ನಿಲ್ಲುವ ರೋಬೋ ಕೈಗಳನ್ನು ಮಾಡುವ ಯೂನಿವರ್ಸಲ್ ರೋಬೋಟ್ಸ್ ಕಂಪನಿ 2005ರಲ್ಲಿ ಹುಟ್ಟಿದ್ದು ಇಲ್ಲಿ. ಅದಕ್ಕೂ ಮುಂಚೆ ಈ ಸೀಮೆಗೆ ಅನ್ನ ಕೊಟ್ಟಿದ್ದು ಲಿಂಡೋ ಎಂಬ ಹಡಗುಕಟ್ಟೆ. ದೊಡ್ಡ ಹಡಗುಗಳ ಒಡಲಿಗೆ ಬೆಸುಗೆ ಹಾಕಲು ಅಲ್ಲಿ ರೋಬೋಗಳನ್ನು ಪಳಗಿಸಿದರು. ಹಡಗುಕಟ್ಟೆಯ ಒಡೆಯರ ದೇಣಿಗೆಯಿಂದ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಸಂಸ್ಥೆಯೊಂದು ಎದ್ದಿತು. ಏಷ್ಯಾದ ಹಡಗುಕಟ್ಟೆಗಳ ದರಕ್ಕೆ ಸರಿಸಾಟಿಯಾಗಲಾರದೆ ಕಟ್ಟೆಯನ್ನು ಮುಚ್ಚುವುದಾಗಿ 2009ರಲ್ಲಿ ಘೋಷಿಸಿದರು. 2012ರಲ್ಲಿ ಕಟ್ಟೆ ಮುಚ್ಚಿಯೇ ಹೋಯಿತು.

ನಮ್ಮ ಪಕ್ಕದ ಮನೆಯ ಹಿರಿಯರು ಅಲ್ಲಿ ಬೆಸುಗೆ ಹಾಕುತ್ತಿದ್ದವರು. ರೋಬೋ ನಿಮ್ಮ ಕೆಲಸ ಕಿತ್ತುಕೊಂಡಿತೇ ಎಂದು ಕೇಳಿದರೆ ಅವರಿಗೆ ನಗು. ರೋಬೋ ಇನ್ನೂ ಹತ್ತು ವರ್ಷ ಮುಂಚೆ ಬಂದಿದ್ದರೆ ಕಟ್ಟೆ ಉಳಿಯುತ್ತಿತ್ತೇನೋ ಎನ್ನುತ್ತಾರೆ. ಹೀಗೆ ಹೇಳುವುದಕ್ಕೆ ಅವರೇನು ಸ್ಥಿತಪ್ರಜ್ಞರಲ್ಲ. ಪಾರ್ಕಿಂಗ್ ಜಾಗಕ್ಕೆ ನನ್ನ ಜೊತೆ ಜಗಳವಾಡಿದವರೇ. ಅವರ ನೆಮ್ಮದಿಯ ಹಿಂದೆ ಒಂದು ಏರ್ಪಾಡಿದೆ. ಇಲ್ಲಿ ಮೂವರು ಕೆಲಸಗಾರರಲ್ಲಿ ಇಬ್ಬರು ಕಾರ್ಮಿಕ ಸಂಘದ ಸದಸ್ಯರು. ಕಾರ್ಮಿಕರು ಚಂದಾ ಕಟ್ಟುವ ನಿರುದ್ಯೋಗ ನಿಧಿ ಕೆಲಸ ಹೋದವರಿಗೆ ಎರಡು ವರ್ಷದವರೆಗೆ ಹಳೆಯ ಸಂಬಳದ ಶೇಕಡ 90ರ ತನಕ ಕೊಡುತ್ತದೆ. ಒಂದು ಮಿತಿಯಿದೆ, ನಿಜ. ಆದರೆ ಮನೆಯ ಬಾಡಿಗೆ ನಿಲ್ಲುವುದಿಲ್ಲ, ಮಕ್ಕಳ ಶಾಲೆ ನಿಲ್ಲುವುದಿಲ್ಲ, ಹೊಸ ಕೆಲಸ ಕಲಿಯುವುದಕ್ಕೂ ದಾರಿಯಿದೆ.

ಮೈಸೂರಿನ ಒಂದು ಕಾರ್ಖಾನೆ ಮುಚ್ಚಿದಾಗ ನಮ್ಮ ಚಿಕ್ಕಪ್ಪನಿಗೆ ನಲವತ್ತು ದಾಟಿತ್ತು. ಅಲ್ಲಿ ರೋಬೋದ ನೆರಳೂ ಬಿದ್ದಿರಲಿಲ್ಲ. ಒಂದು ಬೆಳಿಗ್ಗೆ ಗೇಟಿಗೆ ಬೀಗ, ಅಷ್ಟೆ. ಆಮೇಲೆ ವರ್ಷಗಟ್ಟಲೆ ಕೋರ್ಟು, ಬಾಕಿ ಸಂಬಳ, ಪಿಎಫ್ ಕಾಗದದ ಹಿಂದೆ ಅಲೆದಾಟ. ಚಿಕ್ಕಮ್ಮನ ಒಡವೆ ಗಿರವಿಗೆ ಹೋಗಿ ಆಟೋ ಬಂತು. ಅವರ ಬಾಯಲ್ಲಿ ಇವತ್ತಿಗೂ ಯಾವ ಹೊಸ ಯಂತ್ರದ ಸುದ್ದಿ ಬಂದರೂ ಒಂದೇ ಮಾತು: "ಎಷ್ಟು ಜನರನ್ನು ಮನೆಗೆ ಕಳಿಸುತ್ತದಂತೆ?"

ಪಕ್ಕದ ಮನೆಯ ಹಿರಿಯರಿಗೂ ಚಿಕ್ಕಪ್ಪನಿಗೂ ಆದದ್ದು ಒಂದೇ. ಮಾರನೆಯ ದಿನ ಬೇರೆ. ರೋಬೋ ಬಗ್ಗೆ ಒಂದು ನಾಡಿನ ಜನರಿಗೆ ಏನನಿಸುತ್ತದೆ ಎಂಬುದನ್ನು ಅವರ ಧರ್ಮ, ಪುರಾಣ, ಸಿನಿಮಾಗಳಲ್ಲಿ ಹುಡುಕುವುದು ವಿದ್ವಾಂಸರಿಗೆ ಇಷ್ಟ. ನನಗೇನೋ ಅದು ಕೆಲಸ ಹೋದ ಮಾರನೆಯ ದಿನದ ಲೆಕ್ಕದಲ್ಲೇ ಸಿಗುತ್ತದೆ ಎನಿಸುತ್ತದೆ. 2012ರಲ್ಲಿ ಯುರೋಪಿಯನ್ ಒಕ್ಕೂಟ ನಡೆಸಿದ ಜನಾಭಿಪ್ರಾಯ ಸಮೀಕ್ಷೆಯಲ್ಲಿ ನೂರಕ್ಕೆ 70 ಮಂದಿ ರೋಬೋಗಳ ಬಗ್ಗೆ ಒಳ್ಳೆಯ ಅಭಿಪ್ರಾಯ ಇದೆ ಎಂದರು. ರೋಬೋಗಳು ಮನುಷ್ಯರ ಕೆಲಸ ಕಸಿಯುತ್ತವೆ ಎಂದವರೂ ನೂರಕ್ಕೆ 70 ಮಂದಿ! ಒಳ್ಳೆಯ ಅಭಿಪ್ರಾಯ ಹೇಳಿದವರಲ್ಲಿ ಡೆನ್ಮಾರ್ಕ್, ಸ್ವೀಡನ್ನಿನವರು ಮುಂಚೂಣಿಯಲ್ಲಿದ್ದರು.

ಹಾಗಾದರೆ ಹೆಬ್ಬಾಳಿನ ಕೆಲಸಗಾರರು ಅಷ್ಟು ನಿರಾಳವಾಗಿ ಹಾರ ಹಾಕಿದ್ದು ಹೇಗೆ? ಕಾರಣ ಕೇಳಲು ಹಿತವಲ್ಲ. ನಮ್ಮಲ್ಲಿ ಬಹುಪಾಲು ಕೆಲಸಗಳಿಗೆ ಮನುಷ್ಯನೇ ಯಂತ್ರಕ್ಕಿಂತ ಅಗ್ಗ. 2023ರಲ್ಲಿ ಇಡೀ ಭಾರತದಲ್ಲಿ ಹೊಸದಾಗಿ ಕೂರಿಸಿದ ಕೈಗಾರಿಕಾ ರೋಬೋಗಳು ಸುಮಾರು 8,500. ನಮ್ಮ ದೇಶದ ಮಟ್ಟಿಗೆ ಅಲ್ಲಿಯವರೆಗೆ ಅದೇ ದಾಖಲೆ. ನೂರ ನಲವತ್ತು ಕೋಟಿ ಜನರ ನಡುವೆ ಇದು ಯಾರ ಕಣ್ಣಿಗೆ ಬೀಳಬೇಕು? ಇನ್ನೂ ಮನೆ ಹೊಕ್ಕದ ಅತಿಥಿಯ ಬಗ್ಗೆ ಯಾರಿಗೂ ಮುನಿಸಿರುವುದಿಲ್ಲ.

ಮಂಡ್ಯದ ಕಬ್ಬಿನ ಗದ್ದೆಗೆ ಬನ್ನಿ. ಕಟಾವು ಯಂತ್ರದ ಮಾತು ಇಲ್ಲಿ ಕೆಲವು ವರ್ಷಗಳಿಂದ ನಡೆದೇ ಇದೆ. ಅರಳಿಕಟ್ಟೆಯಲ್ಲಿ ಕೂತರೆ ಅದರ ಗುಣದೋಷಗಳನ್ನು ರೈತರು ಎಂಜಿನಿಯರುಗಳಿಗಿಂತ ಚೆನ್ನಾಗಿ ಹೇಳುತ್ತಾರೆ. ಸಾಲಿನ ನಡುವೆ ನಾಲ್ಕೈದು ಅಡಿ ಬಿಡಬೇಕು. ನಾಲೆ ನೀರು ಕುಡಿದ ಹಸಿ ಗದ್ದೆಯಲ್ಲಿ ಚಕ್ರ ಹೂತುಕೊಳ್ಳುತ್ತದೆ. ಅರ್ಧ ಎಕರೆಯ ತಾಕಿನಲ್ಲಿ ತಿರುಗಿಸಲು ಜಾಗವಿಲ್ಲ. ಬುಡ ಸರಿಯಾಗಿ ಕತ್ತರಿಸದಿದ್ದರೆ ಕೂಳೆ ಬೆಳೆ ಕೆಡುತ್ತದೆ. ಗರಿ ಸೇರಿಕೊಂಡಿತೆಂದು ಕಾರ್ಖಾನೆಯವರು ತೂಕದಲ್ಲಿ ಮುರಿದುಕೊಳ್ಳುತ್ತಾರೆ. ಇಷ್ಟೆಲ್ಲ ದೂರಿನ ಕೊನೆಗೆ, ಏನು ಮಾಡುವುದು, ಆಳು ಸಿಗುವುದಿಲ್ಲ, ಅದೇ ಬರಲಿ ಎಂದು ಒಪ್ಪಿಕೊಳ್ಳುತ್ತಾರೆ. ಗದ್ದೆಯ ಅಂಚಿನಲ್ಲಿ ಟಾರ್ಪಾಲಿನ ಗುಡಿಸಲು ಹಾಕಿಕೊಂಡು, ಕೂಸನ್ನು ನೆರಳಿಗೆ ಮಲಗಿಸಿ ಕಬ್ಬು ಕಡಿಯುವ ಹೊರಗಿನ ಗುಂಪಿಗೆ ಆ ಯಂತ್ರದ ಬಗ್ಗೆ ಏನನಿಸುತ್ತದೆ ಎಂದು ಕಟ್ಟೆಯ ಮೇಲೆ ಒಬ್ಬರೂ ಕೇಳಿದ್ದನ್ನು ನಾನು ಕೇಳಿಲ್ಲ. ಬೆನ್ನು ಬಗ್ಗಿಸುವ ಆ ಕೆಲಸ ಯಂತ್ರಕ್ಕೆ ಹೋಗಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಗುಂಪಿನ ಮಾರನೆಯ ದಿನಕ್ಕೆ ನಮ್ಮಲ್ಲಿ ಯಾವ ನಿಧಿಯೂ ಇಲ್ಲ.

ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ತಡೆಯುವ ಕಾನೂನು ಬಂದಿದ್ದು 2013ರಲ್ಲಿ. ಮ್ಯಾನ್‌ಹೋಲ್ ಶುಚಿ ಮಾಡುವ ಬ್ಯಾಂಡಿಕೂಟ್ ಎಂಬ ರೋಬೋವನ್ನು ಕೇರಳದ ಯುವಕರು 2018ರ ಹೊತ್ತಿಗೇ ಮಾಡಿ ತೋರಿಸಿದರು. ದೇಶದಲ್ಲಿ ಇನ್ನೂ ಮನುಷ್ಯರು ಇಳಿಯುತ್ತಿದ್ದಾರೆ, ಉಸಿರುಗಟ್ಟಿ ಸಾಯುತ್ತಿದ್ದಾರೆ. 2016ರಲ್ಲಿ ಮೈಸೂರು ದೇಶದ ಅತಿ ಸ್ವಚ್ಛ ನಗರ ಎನಿಸಿಕೊಂಡಾಗ ಒಡೆನ್ಸೆಯಲ್ಲಿ ಕೂತು ನಾನೂ ಹೆಮ್ಮೆಪಟ್ಟವನೇ. ನನ್ನನ್ನು ಕೇಳಿದರೆ ನಮ್ಮ ನಾಡಿನಲ್ಲಿ ಮೊದಲ ಹಾರ ಬೀಳಬೇಕಾದದ್ದು ಈ ಗುಂಡಿಗಿಳಿಯುವ ರೋಬೋಗೆ.

ಇನ್ನು ಆನೆಯ ವಿಷಯ. ಸುತ್ತೂರು ಮಠಕ್ಕೆ 2024ರಲ್ಲಿ ಶಿವ ಎಂಬ ಯಾಂತ್ರಿಕ ಆನೆ ಬಂತು, ಪ್ರಾಣಿದಯೆಯವರ ಕೊಡುಗೆ. ರಬ್ಬರು, ಉಕ್ಕು, ಮೋಟಾರುಗಳಿಂದ ಮಾಡಿದ್ದು. ಕಿವಿ ಬೀಸುತ್ತದೆ, ಸೊಂಡಿಲಿನಿಂದ ನೀರು ಚಿಮ್ಮಿಸುತ್ತದೆ. ಸರಪಳಿಯಿಲ್ಲ, ಅಂಕುಶವಿಲ್ಲ. ನನಗೆ ಇದು ಮೆಚ್ಚಾಯಿತು. ಅವ್ವನಿಗೆ ಮೊಬೈಲಿನಲ್ಲಿ ವಿಡಿಯೊ ತೋರಿಸಿದಾಗ ಬಹಳ ಹೊತ್ತು ನೋಡಿ, "ಇದಕ್ಕೆ ಮಾವುತ ಬೇಡವಲ್ಲ, ಅವನಿಗೇನು ಗತಿ?" ಎಂದರು. ಜೀವವಿದೆಯೋ ಇಲ್ಲವೋ ಎಂಬ ಡ್ಯಾನಿಶ್ ಪ್ರಶ್ನೆ ಅವರಿಗೆ ಹೊಳೆಯಲೇ ಇಲ್ಲ. ಹಾಗೆಂದು ದಸರಾ ಜಂಬೂಸವಾರಿಗೆ ಯಂತ್ರದ ಆನೆ ತರುತ್ತೇವೆ ಎಂದರೆ ಮೈಸೂರಿನವರು ಸುಮ್ಮನಿರುವುದಿಲ್ಲ. 750 ಕಿಲೋ ತೂಕದ ಅಂಬಾರಿಯನ್ನು ಎಂಟು ಬಾರಿ ಹೊತ್ತ ಅರ್ಜುನ 2023ರ ಡಿಸೆಂಬರಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಾಗ ಜನ ಅತ್ತ ರೀತಿ ಎಲ್ಲರಿಗೂ ನೆನಪಿದೆ. ಐಬೊಗೆ ಜಪಾನಿನವರು ಸುರಿಸಿದ ಕಣ್ಣೀರನ್ನು ನಾವು ಆನೆಗೆ ಎತ್ತಿಟ್ಟಿದ್ದೇವೆ. ಇದರಲ್ಲಿ ನಾನು ಪೂರ್ತಿ ಮೈಸೂರಿನವರ ಪಕ್ಷ.

ವಯಸ್ಸಾದವರ ಆರೈಕೆಯ ವಿಷಯಕ್ಕೆ ಬಂದರೆ ಮಾತ್ರ ನನ್ನ ಪಕ್ಷ ಎರಡು ಕಡೆಗೂ ವಾಲುತ್ತದೆ. ಡೆನ್ಮಾರ್ಕಿನ ವೃದ್ಧಾಶ್ರಮಗಳಲ್ಲಿ ಪಾರೊ ಎಂಬ ರೋಬೋ ಬಂದು ಬಹಳ ವರ್ಷವಾಯಿತು. ಜಪಾನಿನಲ್ಲಿ ರೂಪುಗೊಂಡ ಇದು ಸೀಲ್ ಎಂಬ ಹಿಮಕಡಲಿನ ಪ್ರಾಣಿಯ ಬಿಳಿ ಮರಿಯ ಹಾಗಿರುತ್ತದೆ. ಸವರಿದರೆ ಕಣ್ಣು ಮಿಟುಕಿಸಿ ಕುಂಯ್‌ಗುಡುತ್ತದೆ. ಮರೆವಿನ ಕಾಯಿಲೆಯವರು ಮಡಿಲಲ್ಲಿಟ್ಟುಕೊಂಡು ಸಮಾಧಾನಗೊಳ್ಳುತ್ತಾರೆ. ಸೀಲನ್ನೇ ಏಕೆ ಆರಿಸಿದರು ಎಂದರೆ, ನಾಯಿ ಬೆಕ್ಕಿನ ರೋಬೋ ಮಾಡಿದರೆ ಜನ ನಿಜವಾದದ್ದರ ಜೊತೆ ಹೋಲಿಸಿ ನೋಡುತ್ತಾರೆ. ಸೀಲನ್ನು ಸಾಕಿದವರು ಯಾರೂ ಇಲ್ಲವಲ್ಲ! ಇಂಥ ರೋಬೋಗಳ ಬಗ್ಗೆ ಇಲ್ಲಿನ ನೈತಿಕ ಮಂಡಳಿ 2010ರಲ್ಲೇ ಚರ್ಚಿಸಿ ಅಭಿಪ್ರಾಯ ಕೊಟ್ಟಿತು. ನನಗೆ ಪಾರೊ ಬೇಡ. ಮರೆತವರನ್ನು ಮತ್ತಷ್ಟು ಮರೆಸುವುದು ಸರಿಯೆನಿಸುವುದಿಲ್ಲ. ಇಲ್ಲಿನ ಕೆಲವು ಪುರಸಭೆಗಳು ಮನೆ ಗುಡಿಸಲು ಬರುತ್ತಿದ್ದ ಸಹಾಯಕರ ಬದಲು ವೃದ್ಧರಿಗೆ ಗುಡಿಸುವ ರೋಬೋ ಕೊಟ್ಟಿವೆ. ನೆಲ ಚೊಕ್ಕಟವಾಗಿದೆ, ವಾರಕ್ಕೊಮ್ಮೆ ಬಾಗಿಲು ತಟ್ಟುತ್ತಿದ್ದ ಮನುಷ್ಯ ಇಲ್ಲ. ಇದು ನನಗೆ ಹಿಡಿಸದ ಡೆನ್ಮಾರ್ಕ್.

ಹಿಡಿಸಿದ ಡೆನ್ಮಾರ್ಕ್ ಬಚ್ಚಲುಮನೆಯಲ್ಲಿದೆ. ತೊಳೆದು ಒಣಗಿಸುವ ಶೌಚಾಲಯ, ಚಾವಣಿಗೆ ಹಳಿ ಹಾಕಿ ರೋಗಿಯನ್ನು ಜೋಲಿಯಲ್ಲಿ ಎತ್ತಿ ಸಾಗಿಸುವ ಲಿಫ್ಟ್. ಇದನ್ನು ರೋಬೋ ಎನ್ನಬೇಕೋ ಬೇಡವೋ ಎಂದು ಎಂಜಿನಿಯರುಗಳು ಬೇಕಾದರೆ ಕಿತ್ತಾಡಿಕೊಳ್ಳಲಿ. ಅಪರಿಚಿತರ ಕೈಗಿಂತ ಯಂತ್ರವೇ ಮೇಲು, ನಾಚಿಕೆಯಿಲ್ಲ ಎನ್ನುವ ಮುದುಕಿಯರು ಇಲ್ಲಿ ಬೇಕಾದಷ್ಟಿದ್ದಾರೆ. ಯಾರ ಹಂಗೂ ಇಲ್ಲದಿರುವುದೇ ಇವರಿಗೆ ಮರ್ಯಾದೆ. ಮಂಡ್ಯದಲ್ಲಿ ನೋಡಿಕೊಳ್ಳುವವರು ಇರುವುದೇ ಮರ್ಯಾದೆ.

ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಎಡಭಾಗ ಸ್ವಾಧೀನದಲ್ಲಿಲ್ಲ. "ನಮ್ಮವರೇ ನೋಡಿಕೊಳ್ಳುತ್ತಾರೆ" ಎಂದು ಬಂಧುಗಳು ಹೊಗಳುವ ಆ ಮನೆಯಲ್ಲಿ ನಿಜವಾಗಿ ನೋಡಿಕೊಳ್ಳುವವರು ಏಜೆನ್ಸಿಯೊಂದರಿಂದ ಬಂದ, ಮಳವಳ್ಳಿ ಕಡೆಯ ಒಬ್ಬ ಹೆಣ್ಣುಮಗಳು. ಅಪ್ಪನನ್ನು ಎತ್ತುವ ಮೊದಲು ಆಕೆ ಟವೆಲನ್ನು ಸೊಂಟಕ್ಕೆ ಬಿಗಿಯಾಗಿ ಸುತ್ತಿಕೊಳ್ಳುತ್ತಾರೆ. ಬಲಮಂಡಿಯನ್ನು ಮಂಚದ ಅಂಚಿಗೆ ಊರಿ, ಅಪ್ಪನ ಕೈಯನ್ನು ತಮ್ಮ ಕೊರಳ ಸುತ್ತ ಹಾಕಿಸಿಕೊಂಡು, "ಏಳಿ ಯಜಮಾನರೇ" ಎಂದು ಒಂದೇ ಉಸಿರಿಗೆ ಗಾಲಿಕುರ್ಚಿಗೆ ತಿರುಗಿಸುತ್ತಾರೆ. ಆಮೇಲೆ ಗೋಡೆಗೆ ಕೈಯಿಟ್ಟು ಒಂದು ಕ್ಷಣ ಹಾಗೇ ನಿಲ್ಲುತ್ತಾರೆ. ಒಡೆನ್ಸೆಯಲ್ಲಿ ಒಬ್ಬರೇ ಹೀಗೆ ಎತ್ತಲು ಬಿಡುವುದಿಲ್ಲ.

ಲಿಫ್ಟ್ ಹಾಕಿಸೋಣ ಎಂದು ನಾನು ಹೇಳಿದಾಗ ಅವ್ವ ಸುತರಾಂ ಒಪ್ಪಲಿಲ್ಲ. "ಇಬ್ಬರು ಗಂಡುಮಕ್ಕಳನ್ನು ಹೆತ್ತು ಕ್ರೇನಿನಲ್ಲಿ ಎತ್ತಿಸಿಕೊಂಡರು ಎಂದು ಊರು ಆಡಿಕೊಳ್ಳುವುದಿಲ್ಲವೇ?" ಗಂಡುಮಕ್ಕಳಲ್ಲಿ ಒಬ್ಬ ಬೆಳಿಗ್ಗೆ ಎಂಟಕ್ಕೇ ಕಚೇರಿಗೆ ಹೊರಡುತ್ತಾನೆ, ಇನ್ನೊಬ್ಬ ಡೆನ್ಮಾರ್ಕಿನಲ್ಲಿದ್ದಾನೆ. ಇಬ್ಬರ ಪಾಲಿನ ಭಾರವೂ ಆ ಹೆಣ್ಣುಮಗಳ ಸೊಂಟದ ಮೇಲಿದೆ ಎಂದು ಬಿಡಿಸಿ ಹೇಳಿದ ಮೇಲೂ ಅವ್ವ ಅರೆಮನಸ್ಸಿನಲ್ಲೇ ಇದ್ದರು. ಆಕೆಯನ್ನೇ ಕೇಳಿದೆವು. ಯಂತ್ರ ಹೇಗಿರುತ್ತದೆ, ಕರೆಂಟ್ ಹೋದರೆ ಏನು ಮಾಡುವುದು ಎಂದೆಲ್ಲ ವಿಚಾರಿಸುತ್ತಾರೆ ಎಂದುಕೊಂಡಿದ್ದೆ. ಆಕೆ ಕೇಳಿದ್ದು, "ಅದು ಬಂದರೆ ನನ್ನ ಸಂಬಳ ಇಳಿಸುತ್ತೀರಾ ಸಾರ್?"

ಕೇಳಿದ್ದು ಸರಿಯಾಗಿಯೇ ಇತ್ತು. ಹಾಸಿಗೆ ಹಿಡಿದ ರೋಗಿಗೆ ಏಜೆನ್ಸಿಯವರದು ಹೆಚ್ಚಿನ ದರ. ಯಂತ್ರ ಬಂದರೆ ಎತ್ತುವ ಕೆಲಸ ಇರುವುದಿಲ್ಲ, ಹಾಗಾಗಿ ಸಾಮಾನ್ಯ ದರ ಹಾಕುತ್ತೇವೆ, ಆಕೆಯ ಕೈಗೆ ಹೋಗುವುದೂ ಅಷ್ಟಕ್ಕಷ್ಟೇ ಕಡಿಮೆಯಾಗುತ್ತದೆ ಎಂದು ಫೋನಿನಲ್ಲಿ ಲೆಕ್ಕ ಒಪ್ಪಿಸಿದರು. ಉಳಿದ ಬಲದಲ್ಲಿ ಆಕೆ ಅಪ್ಪನ ಕೈಕಾಲಿಗೆ ವ್ಯಾಯಾಮ ಮಾಡಿಸಬಹುದು, ಹೊರಗೆ ಜಗಲಿಗೆ ಕರೆತಂದು ಕೂರಿಸಬಹುದು, ಅದೂ ಕೆಲಸವೇ ಅಲ್ಲವೇ ಎಂದು ನಾನು ವಾದಿಸಿದೆ. ವ್ಯತ್ಯಾಸದ ಹಣವನ್ನು ನಾವೇ ಆಕೆಗೆ ನೇರವಾಗಿ ಕೊಡುತ್ತೇವೆ ಎಂದೆ. ಹಾಗೆ ಕೊಡುವುದು ಕರಾರಿಗೆ ವಿರುದ್ಧವಂತೆ.

ಸಂಬಳ ಇಳಿಯುವುದಿಲ್ಲ ಎಂದು ಬರೆದ ಹೊಸ ಕರಾರನ್ನು ಏಜೆನ್ಸಿಯವರಿಗೆ ಕಳಿಸಿದ್ದೇವೆ. ಅದಕ್ಕೆ ಸಹಿ ಬೀಳುವವರೆಗೆ ಲಿಫ್ಟ್ ತರಿಸುವುದಿಲ್ಲ ಎಂದು ಅಣ್ಣ ಪಟ್ಟು ಹಿಡಿದಿದ್ದಾನೆ. ಲಿಫ್ಟ್ ತಡವಾಗುತ್ತಿರುವುದು ಅವ್ವನಿಗಂತೂ ಖುಷಿ, ಕಾರಣ ಮಾತ್ರ ಅವರದೇ ಬೇರೆ.