'ರೈಸ್' ನೋಡಿದ ಮೇಲೆ ಗುಳೆಯ ಮಕ್ಕಳ ನೆನಪು

ಬ್ಯಾಸ್ಕೆಟ್‌ಬಾಲ್ ಆಟಗಾರ ಯಾನಿಸ್ ಆಂಟೆಟೊಕೂಂಪೊ ಅವರ ಹರೆಯದ ದಿನಗಳನ್ನು ಕುರಿತ, 2022ರಲ್ಲಿ ಬಂದ 'ರೈಸ್' ಸಿನಿಮಾವನ್ನು ಕಳೆದ ಭಾನುವಾರ ಕಲಬುರಗಿಯ ಮನೆಯಲ್ಲಿ, ನಡುವೆ ಎರಡು ಸಲ ಕರೆಂಟ್ ಹೋದರೂ ಬಿಡದೆ, ಪೂರ್ತಿ ನೋಡಿದೆ. ಆಟದ ಸಿನಿಮಾಗಳಲ್ಲಿ ಸಾಮಾನ್ಯವಾಗಿ ಎದುರಾಳಿ ತಂಡವೊಂದು ಇರುತ್ತದೆ. ಇಲ್ಲಿ ಹುಡುಗನಿಗೆ ಅಡ್ಡ ನಿಂತದ್ದು ಗುರುತಿನ ಕಾಗದ.

ನೈಜೀರಿಯಾದಿಂದ ಗ್ರೀಸಿಗೆ ಹೋದ ತಂದೆ ತಾಯಿ ಅಥೆನ್ಸಿನ ಬೀದಿಗಳಲ್ಲಿ ಕನ್ನಡಕ, ಗಡಿಯಾರ, ಚೀಲಗಳನ್ನು ಮಾರಿ ಮಕ್ಕಳನ್ನು ಸಾಕುತ್ತಾರೆ. ಯಾನಿಸ್ 1994ರಲ್ಲಿ ಅದೇ ಊರಿನಲ್ಲಿ ಹುಟ್ಟಿದರೂ, ಹುಟ್ಟಿದ ಮಾತ್ರಕ್ಕೆ ಪೌರತ್ವ ಕೊಡದ ಅಲ್ಲಿನ ಕಾನೂನಿನಿಂದಾಗಿ ಹದಿನೆಂಟು ವರ್ಷ ಯಾವ ದೇಶಕ್ಕೂ ಸೇರದವನಾಗಿ ಬೆಳೆಯುತ್ತಾನೆ. ಅಣ್ಣ ತಮ್ಮಂದಿರು ಒಂದೇ ಜೋಡಿ ಬೂಟನ್ನು ಸರದಿಯ ಮೇಲೆ ತೊಟ್ಟು ಆಡುವ ದೃಶ್ಯಕ್ಕೆ ಎಲ್ಲರ ಕಣ್ಣೂ ಒದ್ದೆಯಾಗುತ್ತದೆ, ಆಗಲಿ. ನನಗೆ ಮುಳ್ಳಿನಂತೆ ಚುಚ್ಚಿದ್ದು ಬೇರೆ. ಪೌರತ್ವ ಸಿಕ್ಕಿದ್ದು 2013ರ ಮೇ ತಿಂಗಳಲ್ಲಿ. ಮರು ತಿಂಗಳೇ ಮಿಲ್ವಾಕಿ ಬಕ್ಸ್ ತಂಡ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಗೆ ಹೊಸ ಆಟಗಾರರನ್ನು ಆರಿಸುವ ಆಯ್ಕೆಯ 15ನೆಯ ಸರದಿಯಲ್ಲಿ ಅವರನ್ನು ತೆಗೆದುಕೊಂಡಿತು. ಹದಿನೆಂಟು ವರ್ಷ ಕಾಡಿಸಿದ ಕಾಗದ, ಆಟ ದೊಡ್ಡವರ ಕಣ್ಣಿಗೆ ಬಿದ್ದ ಮೇಲೆ ಕೈಗೆ ಬಂತು. ಹಾಗಾದರೆ ಚೆಂಡು ಹಿಡಿಯಲು ಬಾರದ, ಸಾಧಾರಣ ಎತ್ತರದ ಪಕ್ಕದ ಮನೆಯ ಹುಡುಗನ ಗತಿ ಏನು?

ನೈಜೀರಿಯಾದಲ್ಲಿ ಅಜ್ಜ ಅಜ್ಜಿಯ ಬಳಿಯೇ ಉಳಿದ ಹಿರಿಯ ಮಗ ಫ್ರಾನ್ಸಿಸ್‌ನ ಕತೆ ಇನ್ನಷ್ಟು ಬೇಕಿತ್ತು ಎನಿಸಿತು. ಯಾದಗಿರಿ ಜಿಲ್ಲೆಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿರುವ ನನಗೆ ಅಂಥ ಮಕ್ಕಳು ಹೊಸಬರಲ್ಲ. ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದು ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವವರು ಕೂಸುಗಳನ್ನು ಕಂಕುಳಲ್ಲಿ ಎತ್ತಿಕೊಂಡು, ಸಾಲಿಗೆ ಹೋಗುವ ಮಗನನ್ನು ಅಜ್ಜಿಯ ಬಳಿ ಬಿಡುತ್ತಾರೆ. ಅಜ್ಜಿ ಇಲ್ಲದವರು ಅವನನ್ನೂ ಕರೆದೊಯ್ಯುತ್ತಾರೆ. ನಮ್ಮವರು ಈ ದೇಶದ ಪ್ರಜೆಗಳೇ, ಪೊಲೀಸರಿಗೆ ಹೆದರಿ ಓಡಬೇಕಾಗಿಲ್ಲ, ಆದ್ದರಿಂದ ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು ಎಂಬುದನ್ನು ಬಲ್ಲೆ. ಆದರೂ ನಮ್ಮ ಮಾತು ಕೇಳಿ "ಆಂಧ್ರದವರಾ?" ಎನ್ನುವ ಬೆಂಗಳೂರಿನಲ್ಲಿ ಮಗುವಿಗೆ ಊರು ದೂರವೇ. ಇನ್ನು ಕಾಗದದ ಬೆಲೆಯನ್ನು, ಕಲ್ಯಾಣ ಕರ್ನಾಟಕದವರಿಗೆ ಓದು, ನೌಕರಿಗಳಲ್ಲಿ ಮೀಸಲಾತಿ ಕೊಡಿಸುವ 371(ಜೆ) ಪ್ರಮಾಣಪತ್ರಕ್ಕಾಗಿ ಕಚೇರಿಯ ಸಾಲಿನಲ್ಲಿ ನಿಂತ ಈ ಭಾಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಳೆ ಕೈಕೊಟ್ಟ ಒಂದು ವರ್ಷ, ಎಂಟುನೂರು ಮೀಟರ್ ಓಟದಲ್ಲಿ ತಾಲೂಕಿಗೇ ಮುಂದೆ ಬರಬಹುದಾಗಿದ್ದ ನಮ್ಮ ಹುಡುಗನೊಬ್ಬ ಕ್ರೀಡಾಕೂಟಕ್ಕೆ ಹದಿನೈದು ದಿನ ಇರುವಾಗ ಮನೆಯವರೊಂದಿಗೆ ಹೊರಟು ನಿಂತ. ಅಲ್ಲಿಯಾದರೂ ಓಡಲಿ, ಯಾವುದಾದರೂ ಶಾಲೆಗೆ ಸೇರಿಸಿ ಎಂದು ನಾನು ಹೇಳಿದಾಗ ಅವನ ತಂದೆ ಕೇಳಿದರು: "ಅಲ್ಲೀ ಸಾಲ್ಯಾಗ ಹೆಸರು ಹಚ್ಚಿದ್ರ, ನಿಮ್ಮ ಸಾಲ್ಯಾಗಿಂದು ತೆಗೀತಾರೇನ್ರಿ ಸರ?"

ಹೌದು, ತೆಗೆಯುತ್ತಾರೆ ಎಂದೆ. ಅವರು ಅಲ್ಲಿ ಹೆಸರು ಹಚ್ಚಲಿಲ್ಲ. ಹುಡುಗ ಆ ವರ್ಷ ಎರಡೂ ಕಡೆ ಓಡಲಿಲ್ಲ.