ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಳ್ಳುವ ಕೋಚ್ ಮತ್ತು ನಮ್ಮ ಅವಸರದ ತೀರ್ಪು

ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ರಕ್ಷಣಾ ವಿಭಾಗಕ್ಕೆ ಮ್ಯಾಟ್ ಪೆಟ್ರೀಷಿಯಾ ಅವರು ಹೊಸ ಕೋಆರ್ಡಿನೇಟರ್ ಆಗಿ ಬರುತ್ತಾರೆ ಎಂಬ ಸುದ್ದಿ 2025ರ ಫೆಬ್ರವರಿಯಲ್ಲಿ ಹೊರಬಿದ್ದ ಸಂಜೆ, ಕೊಲಂಬಸ್‌ನ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಿದ್ದ ನನ್ನ ಫೋನು ಒಂದೇ ಸಮನೆ ಸದ್ದು ಮಾಡತೊಡಗಿತು. ಕಚೇರಿಯ ಗೆಳೆಯರ ಗುಂಪು, ನನ್ನ ಜೊತೆ ಇದೇ ವಿಶ್ವವಿದ್ಯಾಲಯದಲ್ಲಿ ಓದಿದವರ ಗುಂಪು, ಮಗನ ಶಾಲೆಯ ಪಾಲಕರ ಗುಂಪು, ಎಲ್ಲದರಲ್ಲೂ ಅದೇ ಮಾತು. ಒಬ್ಬರು ಅವರ ದಟ್ಟ ಗಡ್ಡವನ್ನು ಆಡಿಕೊಂಡರು, ಇನ್ನೊಬ್ಬರು ಅವರು ಸದಾ ಕಿವಿಯ ಮೇಲೆ ಸಿಕ್ಕಿಸಿಕೊಳ್ಳುವ ಪೆನ್ಸಿಲ್‌ನ ಚಿತ್ರ ಹಾಕಿದರು, ಮತ್ತೊಬ್ಬರು ಬೇರೇನೂ ಹೇಳದೆ ಬರೀ ‘13 ಗೆಲುವು, 29 ಸೋಲು’ ಎಂದು ಬರೆದರು. ಜನವರಿ 20ರಂದು ಅಟ್ಲಾಂಟಾದಲ್ಲಿ ನೋಟರ್ ಡೇಮ್ ತಂಡವನ್ನು 34-23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಗಿ ಇನ್ನೂ ಒಂದು ತಿಂಗಳು ತುಂಬಿರದ ತಂಡದ ಅಭಿಮಾನಿಗಳು ಇವರು ಎಂದು ಆ ಸಂದೇಶಗಳನ್ನು ಓದಿದ ಯಾರಿಗೂ ಅನ್ನಿಸುತ್ತಿರಲಿಲ್ಲ.

ನನ್ನ ಈ ಗೋಡೆಯನ್ನು ಓದುವ ಬೆಂಗಳೂರು, ಮೈಸೂರು, ದಾವಣಗೆರೆಯ ಸ್ನೇಹಿತರಿಗಾಗಿ ಒಂದೆರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಇಲ್ಲಿ ಫುಟ್‌ಬಾಲ್ ಎಂದರೆ ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್. ವಿದ್ಯಾರ್ಥಿಗಳು ಆಡುವ ಆಟವಾದರೂ ಇದು ಕಾಲೇಜು ಮೈದಾನದ ಸಣ್ಣ ಸಂಗತಿಯಲ್ಲ. ನಮ್ಮ ಒಹಾಯೊ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ, ನವೆಂಬರ್ ಕೊನೆಯಲ್ಲಿ ಮಿಶಿಗನ್ ವಿರುದ್ಧದ ಪಂದ್ಯ ಬರುವ ವಾರ ವಿಶ್ವವಿದ್ಯಾಲಯದ ಆವರಣದ ಫಲಕಗಳಲ್ಲಿರುವ ‘ಎಂ’ ಅಕ್ಷರಗಳ ಮೇಲೆಲ್ಲ ಕೆಂಪು ಟೇಪಿನ ಅಡ್ಡಗೆರೆ ಬೀಳುತ್ತದೆ. ಮುಖ್ಯ ಕೋಚ್ ರಯಾನ್ ಡೇ ಅವರ ಕೆಳಗೆ ದಾಳಿಗೊಬ್ಬರು, ರಕ್ಷಣೆಗೊಬ್ಬರು ಕೋಆರ್ಡಿನೇಟರ್ ಇರುತ್ತಾರೆ, ಅವರ ಜೊತೆಗೆ ಒಂದೊಂದು ಸ್ಥಾನದ ಆಟಗಾರರನ್ನು ತಿದ್ದುವ ಸಹಾಯಕ ಕೋಚ್‌ಗಳಿರುತ್ತಾರೆ. ಚಾಂಪಿಯನ್ ಆದ ಬೆನ್ನಿಗೇ ಆ ಇಬ್ಬರೂ ಕೋಆರ್ಡಿನೇಟರ್‌ಗಳು ಹೊರಟುಹೋದರು. ದಾಳಿಯ ಚಿಪ್ ಕೆಲ್ಲಿ ವೃತ್ತಿಪರ ಲೀಗಿನ ಲಾಸ್ ವೇಗಸ್ ರೈಡರ್ಸ್ ಸೇರಿದರು. ರಕ್ಷಣೆಯ ಜಿಮ್ ನೋಲ್ಸ್ ಹೋದದ್ದು ನಮ್ಮದೇ ಬಿಗ್ ಟೆನ್ ಗುಂಪಿನ ಎದುರಾಳಿ ಪೆನ್ ಸ್ಟೇಟ್‌ಗೆ, ಅದು ಇನ್ನೂ ಹೆಚ್ಚು ನೋಯಿಸಿತು. ಚಾಂಪಿಯನ್ ತಂಡದ ರಕ್ಷಣೆಯಲ್ಲಿ ಮೊದಲ ಹನ್ನೊಂದರಲ್ಲಿ ಆಡುತ್ತಿದ್ದವರ ಪೈಕಿ ಎಂಟು ಮಂದಿಯೂ ಅದೇ ಹೊತ್ತಿಗೆ ಕಾಲೇಜು ಆಟ ಮುಗಿಸಿದ್ದರು.

ಅಂಥ ಹೊತ್ತಿನಲ್ಲಿ ಅಭಿಮಾನಿಗಳಿಗೆ ಭಯವಾದದ್ದು ತಪ್ಪೆಂದು ನಾನು ಹೇಳಲಾರೆ. ಆ ಭಯಕ್ಕೆ ಆಧಾರಗಳಿದ್ದವು. ಪೆಟ್ರೀಷಿಯಾ 2018ರಿಂದ 2020ರವರೆಗೆ ವೃತ್ತಿಪರ ಲೀಗಿನ ಡೆಟ್ರಾಯ್ಟ್ ಲಯನ್ಸ್ ತಂಡದ ಮುಖ್ಯ ಕೋಚ್ ಆಗಿದ್ದು, ಮೂರನೆಯ ವರ್ಷ ಮುಗಿಯುವ ಮೊದಲೇ ಕೆಲಸ ಕಳೆದುಕೊಂಡರು. ಅಲ್ಲಿ ಗೆದ್ದದ್ದು 13, ಸೋತದ್ದು 29, ಸಮವಾದದ್ದು 1. ತಮ್ಮ ಹಳೆಯ ತಂಡ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಹಿಂದಿರುಗಿ, 2022ರಲ್ಲಿ ತಮ್ಮದಲ್ಲದ ದಾಳಿ ವಿಭಾಗದ ಹೊಣೆ ಹೊತ್ತಾಗಲೂ ಹೆಸರು ಕೆಟ್ಟಿತು. 2023ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ತನ್ನ ರಕ್ಷಣೆಯ ನಿರ್ಧಾರಗಳನ್ನು ಬೇರೊಬ್ಬರ ಕೈಯಿಂದ ತೆಗೆದು ಇವರ ಕೈಗೆ ಕೊಟ್ಟಿತು, ಆದರೂ ಕುಸಿತ ನಿಲ್ಲಲಿಲ್ಲ. ಇದಕ್ಕೆಲ್ಲ ಮೊದಲೇ, ವೃತ್ತಿಪರ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ, 2018ರಲ್ಲಿ, ಅದೇ ಈಗಲ್ಸ್ ತಂಡ ಆಗ ಪೇಟ್ರಿಯಟ್ಸ್‌ನ ರಕ್ಷಣಾ ಕೋಆರ್ಡಿನೇಟರ್ ಆಗಿದ್ದ ಇವರ ರಕ್ಷಣೆಯ ಮೇಲೆ 538 ಯಾರ್ಡ್ ಗಳಿಸಿ 41-33ರಿಂದ ಗೆದ್ದದ್ದನ್ನು ದೇಶವೇ ಟಿವಿಯಲ್ಲಿ ನೋಡಿತ್ತು. ಇಷ್ಟನ್ನೆಲ್ಲ ಕಂಡವರು ಹಿಂಜರಿದರೆ ಅದು ಸಹಜ. ಜೊತೆಗೆ, ಎರಡು ದಶಕ ವೃತ್ತಿಪರ ಆಟಗಾರರ ನಡುವೆಯೇ ಕಳೆದವರು ಹದಿನೆಂಟು, ಇಪ್ಪತ್ತರ ಹುಡುಗರಿಗೆ ಕಲಿಸಬಲ್ಲರೇ, ನಿಯಮದ ಪ್ರಕಾರ ವಾರಕ್ಕೆ 20 ಗಂಟೆಯಷ್ಟೇ ಸಿಗುವ ಅಭ್ಯಾಸದಲ್ಲಿ ತಮ್ಮ ಕಟ್ಟುನಿಟ್ಟಿನ ಪಾಠ ಮುಗಿಸಬಲ್ಲರೇ, ಹೈಸ್ಕೂಲ್ ಆಟಗಾರರ ಮನೆಗೆ ಹೋಗಿ ಅವರ ತಂದೆತಾಯಿಯರ ಮನವೊಲಿಸಿ ತಂಡಕ್ಕೆ ಕರೆತರಬಲ್ಲರೇ ಎಂದು ಕೇಳಿದ ಕೆಲವರ ಪ್ರಶ್ನೆಗಳು ತೂಕದ ಪ್ರಶ್ನೆಗಳೇ ಆಗಿದ್ದವು.

ನನಗೆ ನೋವಾದದ್ದು, ಅಂಥ ಪ್ರಶ್ನೆಗಳು ನೂರು ಸಂದೇಶಗಳಲ್ಲಿ ನಾಲ್ಕೈದು ಮಾತ್ರ ಇದ್ದುದಕ್ಕೆ. ಉಳಿದವರೆಲ್ಲ ಅವರು ಮುಖ್ಯ ಕೋಚ್ ಆಗಿ ಎಷ್ಟು ಸೋತರು ಎಂಬುದನ್ನೇ ಹಿಡಿದು ಜಗ್ಗಿದರು, ಅವರಿಗೆ ಇಲ್ಲಿ ಕೊಟ್ಟದ್ದು ಆ ಕೆಲಸವಲ್ಲ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಮುಖ್ಯ ಕೋಚ್ ಆದವರು ಇಡೀ ಸಂಸಾರದ ಯಜಮಾನಿಕೆ ಮಾಡಬೇಕು. ಕೋಆರ್ಡಿನೇಟರ್ ಆದವರು ತಮ್ಮ ವಿಭಾಗದ ಆಟಗಾರರಿಗೆ ಎದುರಾಳಿಯನ್ನು ಓದಲು ಕಲಿಸಬೇಕು. ಈ ಎರಡನೆಯ ಕೆಲಸದಲ್ಲಿ ಪೆಟ್ರೀಷಿಯಾ ಅವರ ದಾಖಲೆ ಬೇರೆಯೇ ಇತ್ತು. ರೆನ್ಸಲಿಯರ್ ಪಾಲಿಟೆಕ್ನಿಕ್‌ನಲ್ಲಿ ವೈಮಾನಿಕ ಎಂಜಿನಿಯರಿಂಗ್ ಓದಿ, ಸ್ವಲ್ಪ ಕಾಲ ಎಂಜಿನಿಯರ್ ಆಗಿ ದುಡಿದು, ಸಿರಾಕ್ಯೂಸ್‌ನಲ್ಲಿ ಕೆಳಗಿನ ಮೆಟ್ಟಿಲಿನ ಸಹಾಯಕರಾಗಿ ಶುರುಮಾಡಿ, 2004ರಲ್ಲಿ ಪೇಟ್ರಿಯಟ್ಸ್ ಸೇರಿ, ಅಲ್ಲಿ ಮೂರು ಸೂಪರ್ ಬೌಲ್ ಗೆದ್ದ ತಂಡಗಳಲ್ಲಿ ಇದ್ದವರು ಅವರು. 2015ರ ಫೆಬ್ರವರಿಯಲ್ಲಿ ಸಿಯಾಟಲ್ ತಂಡ ಒಂದು ಯಾರ್ಡ್ ದೂರದಲ್ಲಿ ನಿಂತು ಗೆಲುವಿನ ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದಕ್ಕೆ, ಎಸೆದ ಚೆಂಡನ್ನು ಮ್ಯಾಲ್ಕಮ್ ಬಟ್ಲರ್ ಎಂಬ ಹೊಸ ಹುಡುಗ ಕಸಿದುಕೊಂಡದ್ದು ಆಟ ಬಲ್ಲ ಎಲ್ಲರಿಗೂ ನೆನಪಿದೆ. ಆ ವಾರದ ಅಭ್ಯಾಸದಲ್ಲಿ ಅದೇ ತಂತ್ರಕ್ಕೆ ಬಟ್ಲರ್ ಒಮ್ಮೆ ಸಿಕ್ಕಿಬಿದ್ದಿದ್ದ, ಅಲ್ಲಿ ತಿದ್ದಿದ್ದರಿಂದಲೇ ಪಂದ್ಯದಲ್ಲಿ ಅವನ ಕಾಲು ಸರಿಯಾದ ಕಡೆಗೆ ಓಡಿತು ಎಂಬುದನ್ನು ಮಾತ್ರ ಬಹಳ ಜನ ಮರೆತಿದ್ದಾರೆ.

ಅಭ್ಯಾಸದಲ್ಲಿ ತಿದ್ದುವುದು ಎಂದರೆ ಏನೆಂದು ನನಗೆ ಗೊತ್ತಾದದ್ದು ನನ್ನ ಮಗನಿಂದ. ಅವನು ಹೈಸ್ಕೂಲ್ ತಂಡದಲ್ಲಿ ಲೈನ್‌ಬ್ಯಾಕರ್, ಅಂದರೆ ರಕ್ಷಣೆಯ ಮುಂಚೂಣಿಯ ಹಿಂದೆ ನಿಲ್ಲುವವನು. ಎರಡು ವರ್ಷದ ಹಿಂದೆ ಅವರಿಗೆ ಹೊಸ ಸಹಾಯಕ ಕೋಚ್ ಬಂದರು. ಹಗಲಿಡೀ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ಸಂಜೆ ಮೈದಾನಕ್ಕೆ ಬರುವ ಮನುಷ್ಯ, ಮಾತು ಕಡಿಮೆ. ದೊಡ್ಡ ಕಾಲೇಜಿನಲ್ಲಿ ಆಡಿದವರಲ್ಲ ಎಂಬ ಒಂದೇ ಕಾರಣಕ್ಕೆ ಗ್ಯಾಲರಿಯಲ್ಲಿ ಕುಳಿತ ಪಾಲಕರು ಮೊದಲ ದಿನವೇ ಅವರನ್ನು ಬೇಡವೆಂದರು, ಅವರ ನಡುವೆ ಕುಳಿತ ನಾನೂ ಹೂಂಗುಟ್ಟಿದ್ದೆ. ಆಗಸ್ಟ್‌ನ ಒಂದು ಸಂಜೆ ಮಗನನ್ನು ಕರೆದುಕೊಂಡು ಬರಲು ಬೇಗ ಹೋದಾಗ, ಉಳಿದ ಹುಡುಗರೆಲ್ಲ ಹೊರಟಿದ್ದರು, ಅವರಿಬ್ಬರೇ ಮೈದಾನದ ಮೂಲೆಯಲ್ಲಿದ್ದರು. ಚೆಂಡು ಕದಲಿದ ಕೂಡಲೇ ಮುಂದಕ್ಕೆ ನುಗ್ಗುವ ಬದಲು ಎಡಗಾಲನ್ನು ಅರ್ಧ ಹೆಜ್ಜೆ ಹಿಂದಕ್ಕೆ ಇಡುವ ಅಭ್ಯಾಸ ನನ್ನ ಮಗನಿಗಿತ್ತು. ಕಣ್ಣಿಗೆ ಬೀಳದಷ್ಟು ಚಿಕ್ಕ ತಪ್ಪು, ಆದರೆ ಅಷ್ಟರಲ್ಲಿ ಎದುರಾಳಿ ಪಕ್ಕದಿಂದ ದಾಟಿಹೋಗುತ್ತಾನೆ. ಕೋಚ್ ಹುಲ್ಲಿನ ಮೇಲೆ ಮೊಣಕಾಲೂರಿ, ಒಂದು ಕೈವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಅವನ ಹಿಮ್ಮಡಿಯ ಹಿಂದೆ ಇಟ್ಟಿದ್ದರು. ಹಿಮ್ಮಡಿ ಬಟ್ಟೆಗೆ ತಾಗಿದರೆ ಮತ್ತೆ ಮೊದಲಿನಿಂದ. ಸೊಳ್ಳೆ ಮುತ್ತುವ ಹೊತ್ತಿನವರೆಗೂ ಅವರು ಅಲ್ಲಿಂದ ಏಳಲಿಲ್ಲ, ದನಿ ಎತ್ತಲಿಲ್ಲ, ಪ್ರತಿ ಸಲವೂ ಬಟ್ಟೆಯನ್ನು ಸರಿಮಾಡಿ ಇಟ್ಟು, ಮತ್ತೆ ಎಂದರು. ಕಾರಿನಲ್ಲಿ ಬರುವಾಗ ಮಗ, ‘ಅಪ್ಪ, ಕೊನೇ ಹನ್ನೆರಡು ಸಲ ತಾಗ್ಲೇ ಇಲ್ಲ, ನೋಡಿದ್ಯಾ?’ ಎಂದ. ಶುಕ್ರವಾರದ ಪಂದ್ಯದಲ್ಲಿ ಅವನು ಚೆಂಡು ಹಿಡಿದವನನ್ನು ಬೀಳಿಸಿದಾಗ ಗ್ಯಾಲರಿಯವರು ಕೂಗಿದ್ದು ಅವನ ಹೆಸರನ್ನು. ಆ ಕೈವಸ್ತ್ರವನ್ನು ಕಂಡವನು ಆ ಜನರ ನಡುವೆ ನಾನೊಬ್ಬನೇ ಇದ್ದೆ.

ಆ ಸಂಜೆಯಿಂದ ಈಚೆಗೆ, ಯಾವುದೇ ಸಹಾಯಕ ಕೋಚ್‌ನ ನೇಮಕದ ದಿನವೇ ಜನ ಹೇಳುವ ತೀರ್ಪು ನನ್ನ ಕಿವಿಗೆ ಹಿಡಿಸುವುದಿಲ್ಲ. ನಾವು ನೋಡಬೇಕಾದದ್ದು ಬೇರೆ ಇತ್ತು. ಲ್ಯಾರಿ ಜಾನ್ಸನ್, ಟಿಮ್ ವಾಲ್ಟನ್, ಇದೇ ತಂಡಕ್ಕೆ ಆಡಿ ಬೆಳೆದ ಜೇಮ್ಸ್ ಲಾರಿನೈಟಿಸ್ ಮೊದಲಾದ ಹಳೆಯ ಕೋಚ್‌ಗಳು ಹಾಗೆಯೇ ಉಳಿದಿದ್ದರು, ಹಾಗಾಗಿ ಹೊಸಬರು ಬರುತ್ತಿದ್ದದ್ದು ತುಂಬಿದ ಮನೆಗೆ. 2024ರಿಂದ ಕಾಲೇಜು ಆಟದಲ್ಲೂ ಕೋಚ್ ಒಬ್ಬ ಆಟಗಾರನ ಹೆಲ್ಮೆಟ್ಟಿನೊಳಗಿನ ಸ್ಪೀಕರ್ ಮೂಲಕ ನೇರವಾಗಿ ಮಾತಾಡಬಹುದು, ಆಟ ಶುರುವಾಗಬೇಕಾದ ಗಡಿಯಾರ 15 ಸೆಕೆಂಡಿಗೆ ಇಳಿದಾಗ ಆ ಮಾತು ಕಡಿದುಹೋಗುತ್ತದೆ. ಅಷ್ಟು ಕಡಿಮೆ ಹೊತ್ತಿನಲ್ಲಿ ಏನು ಹೇಳಬೇಕು, ಏನನ್ನು ಬಿಡಬೇಕು ಎಂಬುದು ವೃತ್ತಿಪರ ಲೀಗಿನಲ್ಲಿ ವರ್ಷಗಟ್ಟಲೆ ಪಳಗಿದವರಿಗೆ ಗೊತ್ತಿರುತ್ತದೆ. ಆಟಗಾರರು ವರ್ಷ ವರ್ಷ ಕಾಲೇಜು ಬದಲಿಸುವ, 2025ರಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಹಣ ಕೊಡಬಹುದಾದ ಈ ಕಾಲದಲ್ಲಿ, ವೃತ್ತಿಪರ ಆಟದ ಅನುಭವ ಹೊರೆಯಾಗುತ್ತದೆ ಎಂದು ಹೇಳುವುದು ಅಷ್ಟು ಸುಲಭವಲ್ಲ. ಇದನ್ನೆಲ್ಲ ಫೆಬ್ರವರಿಯಲ್ಲಿಯೇ ಕುಳಿತು ಯೋಚಿಸಬಹುದಾಗಿತ್ತು.

ಆಗಸ್ಟ್ 30ರಂದು ಅಗ್ರ ಶ್ರೇಯಾಂಕದ ಟೆಕ್ಸಾಸ್ ತಂಡ ಕೊಲಂಬಸ್‌ಗೆ ಬಂತು. ದ್ವಿತೀಯಾರ್ಧದಲ್ಲಿ ಅವರು ಅಂಗುಲ ಅಂಗುಲವಾಗಿ ಮುಂದುವರಿದು ನಮ್ಮ ಗೆರೆಯಿಂದ ಒಂದೇ ಯಾರ್ಡ್ ದೂರಕ್ಕೆ ತಲುಪಿದರು, ಉಳಿದದ್ದು ನಾಲ್ಕನೆಯ ಹಾಗೂ ಕೊನೆಯ ಯತ್ನ. ಅವರ ದಾಳಿಯನ್ನು ನಡೆಸುವ ಆರ್ಚ್ ಮ್ಯಾನಿಂಗ್ ಚೆಂಡು ಹಿಡಿದು ತಲೆ ಬಗ್ಗಿಸಿ ನುಗ್ಗಿದ, ನಮ್ಮ ಹುಡುಗರು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ನಾನು ಟಿವಿಯಲ್ಲಿ ಅವರ ಹಿಮ್ಮಡಿಗಳನ್ನೇ ನೋಡುತ್ತಿದ್ದೆ. ಪಂದ್ಯ 14-7ರಿಂದ ನಮ್ಮದಾಯಿತು. ಆ ಪಂದ್ಯವೂ ಸೇರಿ ನಿಯಮಿತ ಋತುವಿನ ಹನ್ನೆರಡು ಪಂದ್ಯಗಳಲ್ಲಿ ಆ ರಕ್ಷಣೆ ಬಿಟ್ಟುಕೊಟ್ಟದ್ದು ಒಟ್ಟು 93 ಅಂಕ, ಯಾವ ತಂಡವೂ 16ರ ಮೇಲೆ ಹೋಗಲಿಲ್ಲ. ನೋಲ್ಸ್ ಅವರ ಹೊಸ ರಕ್ಷಣೆಯ ಮೇಲೆ ಪೆನ್ ಸ್ಟೇಟ್ ವಿರುದ್ಧ ನಾವು ಗಳಿಸಿದ್ದು 38. ನವೆಂಬರ್ ಕೊನೆಗೆ ಮಿಶಿಗನ್‌ನವರ ಊರು ಆ್ಯನ್ ಆರ್ಬರ್‌ನ ಹಿಮದಲ್ಲಿ, 2019ರ ನಂತರ ಮೊದಲ ಬಾರಿಗೆ ಮಿಶಿಗನ್ ತಂಡವನ್ನು 27-9ರಿಂದ ಸೋಲಿಸಿದಾಗ, ನನ್ನ ಫೋನಿನ ಅದೇ ಗುಂಪುಗಳಲ್ಲಿ ಅದೇ ಪೆನ್ಸಿಲ್‌ನ ಚಿತ್ರ ಮತ್ತೆ ಬಂತು. ಈ ಸಲ ಪ್ರತಿಭೆಯ ಗುರುತಾಗಿ.

ಗೆದ್ದೆತ್ತಿನ ಬಾಲ ಹಿಡಿಯುವ ಈ ಸಂಭ್ರಮವೂ ನನಗೆ ಫೆಬ್ರವರಿಯ ಬೈಗುಳದಷ್ಟೇ ಕಸಿವಿಸಿ ತಂದಿತು. ನೋಲ್ಸ್ ಅವರು 2022ರ ಋತುವಿಗೆ ಬಂದಾಗ ಇದೇ ಜನ ಅವರನ್ನು ಉದ್ಧಾರಕ ಎಂದು ಕರೆದಿದ್ದರು. ಆ ವರ್ಷ ಮಿಶಿಗನ್ ನಮ್ಮ ಮೈದಾನದಲ್ಲೇ 45-23ರಿಂದ ಗೆದ್ದಾಗ ಅವರಿಗೆ ಕೆಲಸವೇ ತಿಳಿಯದು ಎಂದರು. 2024ರಲ್ಲಿ ಮಿಶಿಗನ್‌ಗೆ 13-10ರಿಂದ ಸೋತ ರಾತ್ರಿ ರಯಾನ್ ಡೇ ಅವರ ತಲೆದಂಡ ಕೇಳಿದವರು, ಮುಂದಿನ ಏಳು ವಾರಗಳಲ್ಲಿ ಟೆನೆಸಿ, ಒರೆಗಾನ್, ಟೆಕ್ಸಾಸ್, ನೋಟರ್ ಡೇಮ್ ನಾಲ್ಕನ್ನೂ ಸೋಲಿಸಿದ ಮೇಲೆ ಅದೇ ಡೇ ಅವರ ಚಿತ್ರವಿದ್ದ ಅಂಗಿ ತೊಟ್ಟರು. ನಾನು ಪ್ರೀತಿಸುವ ತಂಡದ ಜನ ಇವರು, ನನ್ನ ನೆರೆಹೊರೆಯವರು, ಕಷ್ಟಕ್ಕೆ ಆದವರು. ಆದರೂ ಹೇಳಲೇಬೇಕು: ಈ ಮಾತುಗಳಿಗೆ ಗುರಿಯಾಗುವ ಕೋಚ್‌ಗಳಿಗೆ ಹೆಂಡತಿ ಮಕ್ಕಳಿದ್ದಾರೆ, ಆ ಮಕ್ಕಳು ಇದೇ ಊರಿನ ಶಾಲೆಗೆ ಹೋಗುತ್ತಾರೆ, ಅವರ ಕೈಯಲ್ಲೂ ಫೋನ್ ಇದೆ. ಕೋಟಿಗಟ್ಟಲೆ ಸಂಬಳ ತೆಗೆದುಕೊಳ್ಳುತ್ತಾರಲ್ಲ, ಸಹಿಸಿಕೊಳ್ಳಲಿ ಎಂದು ನನ್ನ ಸಹೋದ್ಯೋಗಿಯೊಬ್ಬರು ವಾದಿಸಿದರು. ಸಂಬಳ ದೊಡ್ಡದಿದ್ದಾಗ ಪ್ರಶ್ನೆ ಕಠಿಣವಾಗಿರಲಿ ಎಂಬುದನ್ನು ನಾನು ಒಪ್ಪುತ್ತೇನೆ, ಗಡ್ಡವನ್ನು ಆಡಿಕೊಳ್ಳುವುದಕ್ಕೆ ಅದರಿಂದ ಪರವಾನಗಿ ಸಿಗುವುದನ್ನು ಒಪ್ಪುವುದಿಲ್ಲ.

ಡಿಸೆಂಬರ್‌ನಲ್ಲಿ ಬಿಗ್ ಟೆನ್ ಫೈನಲ್‌ನಲ್ಲಿ ಇಂಡಿಯಾನಾ ನಮ್ಮನ್ನು 13-10ರಿಂದ ಸೋಲಿಸಿತು, ವರ್ಷದ ಕೊನೆಯ ದಿನ ಕಾಟನ್ ಬೌಲ್ ಎಂಬ ನಾಕೌಟ್ ಪಂದ್ಯದಲ್ಲಿ ಮಯಾಮಿ 24-14ರಿಂದ ಮನೆಗೆ ಕಳಿಸಿತು. ಆ 24ರಲ್ಲಿ ಒಂದು ಟಚ್‌ಡೌನ್ ನಮ್ಮ ದಾಳಿಯವರೇ ಎಸೆದ ಚೆಂಡನ್ನು ಕಸಿದು ಓಡಿ ಗಳಿಸಿದ್ದು, ರಕ್ಷಣೆ ಆಗ ಮೈದಾನದಲ್ಲೇ ಇರಲಿಲ್ಲ. ಆದರೂ ಅದೇ ರಾತ್ರಿ ಹಳೆಯ 13-29 ಮತ್ತೆ ತೇಲಿಬಂತು. ಈ ನಡುವೆ ದಾಳಿಯ ಕೋಆರ್ಡಿನೇಟರ್ ಬ್ರಯಾನ್ ಹಾರ್ಟ್‌ಲೈನ್ ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯಕ್ಕೆ ಮುಖ್ಯ ಕೋಚ್ ಆಗಿ ಆಯ್ಕೆಯಾದರು, ಆ ಜಾಗಕ್ಕೆ ಯಾರು ಎಂಬ ಚರ್ಚೆ ಶುರುವಾದ ಕ್ಷಣದಿಂದ ನನ್ನ ಫೋನು ಮತ್ತೆ ಸದ್ದು ಮಾಡತೊಡಗಿತು. ಯಾರದೋ ಹೆಸರು, ಯಾರದೋ ಹಳೆಯ ಸೋಲಿನ ಪಟ್ಟಿ, ಯಾರದೋ ಮುಖದ ಚಿತ್ರ. ಆಗ ಒಂದು ದಿನ ಪಾಲಕರ ಗುಂಪಿನಲ್ಲಿ ಒಬ್ಬರು ನನ್ನ ಅಭಿಪ್ರಾಯ ಕೇಳಿದರು. ಬರುವವರು ಹಿಂದೆ ಯಾವ ಹುಡುಗರನ್ನು ತಿದ್ದಿದ್ದಾರೆ, ಆ ಹುಡುಗರು ಅವರ ಕೈಕೆಳಗೆ ಎಷ್ಟು ಸುಧಾರಿಸಿದರು ಎಂಬುದು ಯಾರಿಗಾದರೂ ಗೊತ್ತಿದ್ದರೆ ಹೇಳಿ, ಅದನ್ನು ಓದಿ ಆಮೇಲೆ ಮಾತಾಡುತ್ತೇನೆ ಎಂದು ಬರೆದೆ. ರಾತ್ರಿಯವರೆಗೂ ಅದಕ್ಕೆ ಯಾರೂ ಉತ್ತರಿಸಲಿಲ್ಲ. ಮರುದಿನ ಬೆಳಗ್ಗೆ, ಆ ಗುಂಪಿನಲ್ಲಿ ಎಂದೂ ಏನೂ ಬರೆಯದ ಆ ಗಣಿತದ ಮೇಷ್ಟರು ನನ್ನ ಸಂದೇಶದ ಕೆಳಗೆ ಒಂದು ಹೆಬ್ಬೆರಳು ಒತ್ತಿದ್ದರು.